ಕರೆಂಟಿನ ರೊಟ್ಟಿ

ನಮ್ಮ ಕಾಕಾನಿಗೆ ಚಹಾ ಕಾಸಲೂ ಬರುವುದಿಲ್ಲ. ಒಲೆಯ ಮೇಲೆ ಹಾಲು ಇಟ್ಟಿದ್ದು ಅವರಿಗೆ ನೆನಪಾಗುವುದೇ ಅದು ಉಕ್ಕಿ ನೆಲಕ್ಕೆ ಇಳಿದ ಮೇಲೆ! ಆದರೆ ಕರೆಂಟಿನಿಂದ ಜೋಳದ ರೊಟ್ಟಿ ಬಡಿದ ಮನುಷ್ಯ ಈ ಭೂಮಿಯ ಮೇಲೆ ಅವರೊಬ್ಬರೇ ಇರಬೇಕು. ಹಿಟ್ಟಿಲ್ಲ, ನೀರಿಲ್ಲ, ಹಂಚಿಲ್ಲ. ರೊಟ್ಟಿಯೂ ಇಲ್ಲ ಅನ್ನಿ, ಬಡಿಯುವ ಸಪ್ಪಳ ಮಾತ್ರ. ನಂಬುವುದಿಲ್ಲವೇ? ನನ್ನ ಕಿವಿಯಿಂದ ಕೇಳುವ ತನಕ ನಾನೂ ನಂಬಿರಲಿಲ್ಲ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಮೂಲ ಬೀದರ ಕಡೆ. ಮೀಸೆ ಮೂಡುವ ವಯಸ್ಸಿಗೆ ನಾಸಿಕಕ್ಕೆ ಬಂದು, ಓಝರಿನ ವಿಮಾನ ಕಾರ್ಖಾನೆಯಲ್ಲಿ ಮೀಟರುಗಳನ್ನು ರಿಪೇರಿ ಮಾಡುತ್ತ ನಿವೃತ್ತರಾದವರು. ಆಕಾಶದಲ್ಲಿ ಎಷ್ಟು ಎತ್ತರ, ಎಷ್ಟು ವೇಗ ಎಂದು ತೋರಿಸುವ ಮುಳ್ಳುಗಳೆಲ್ಲ ಅವರ ಕೈಯಲ್ಲಿ ಸರಿಯಾಗುತ್ತಿದ್ದವು. ಮನೆಯ ಗೋಡೆ ಗಡಿಯಾರ ಮಾತ್ರ ಒಂದು ದಿನವೂ ಸರಿಯಾದ ವೇಳೆ ತೋರಿಸಿದ್ದಿಲ್ಲ. ಅವರ ಹೆಂಡತಿ, ನಮ್ಮ ಕಾಕು, ಕೇಳಿದರೆ, "ಅದು ಹಾರೂದಿಲ್ಲಲ್ಲ, ಬಿಡು" ಅನ್ನುತ್ತಿದ್ದರು.

ಕಾಕು ತೀರಿಕೊಂಡ ಕೆಲವು ತಿಂಗಳ ಮೇಲೆ ನಾನು ನಾಸಿಕಕ್ಕೆ ಹೋದಾಗ ಕಾಕಾನ ಅಂಗಿ, ಧೋತರ, ಸ್ವೆಟರುಗಳೆಲ್ಲ ನೆಲದ ಮೇಲೆ ಗುಡ್ಡೆಯಾಗಿ ಬಿದ್ದಿದ್ದವು. ಕಬ್ಬಿಣದ ಕಪಾಟಿನೊಳಗೆ ವೈರುಗಳಿದ್ದವು! ಕಪಾಟಿನ ಬಾಗಿಲು ಕಿತ್ತು ಗೋಡೆಗೆ ಒರಗಿಸಿದ್ದರು. ಒಳಗೆ ಖಾನೆಖಾನೆಗೂ ಅಲ್ಯುಮಿನಿಯಂ ತಗಡು, ತಗಡಿನ ತುಂಬ ತಿರುಗಿಸುವ ಗುಂಡಿಗಳು, ತೂತುಗಳು. ಒಂದು ತೂತಿನಿಂದ ಇನ್ನೊಂದು ತೂತಿಗೆ ಕೆಂಪು, ಹಳದಿ, ಹಸಿರು ವೈರು. ಶಾವಿಗೆಗೆ ಬಣ್ಣ ಹಾಕಿ ಒಣಗಲು ಬಿಟ್ಟಂತೆ ಕಾಣುತ್ತಿತ್ತು.

"ಏನ್ರಿ ಕಾಕಾ ಇದು?"

"ಸಿಂಥಸೈಜರ್ ಅಂತಾರ. ಒಂದೊಂದು ಡಬ್ಬಿಗೆ ಒಂದೊಂದು ಕೆಲಸ. ಇದು ಗುಂಯ್ ಅಂತದ, ಇದು ಬುಸ್ ಅಂತದ. ಎಷ್ಟೊತ್ತು ಅನ್ನಬೇಕು ಅಂತ ಇದು ಹೇಳ್ತದ. ಯಾರ ಮಾತು ಯಾರು ಕೇಳಬೇಕು ಅನ್ನೋದು ವೈರಿನ ಮ್ಯಾಲ."

"ಇದೆಲ್ಲಾ ಈಗ ಲ್ಯಾಪ್‌ಟಾಪಿನ್ಯಾಗೇ ಆಗ್ತದಂತಲ್ರಿ?"

"ಆಗ್ತದ. ಆದ್ರ ಅದಕ್ಕ ಮೊದಲೇ ಎಲ್ಲಾ ಗೊತ್ತಿರ್ತದಪಾ. ನನಗ ಏನೂ ಗೊತ್ತಿಲ್ದವ ಬೇಕು. ನಾನೇ ಕಲಸ್ತೀನಿ."

ಏನು ಕಲಿಸುವುದು? ಅಲ್ಲಿಯೇ ಇರುವುದು ವಿಷಯ. ಕಾಕುವಿನ ಅಡುಗೆಮನೆಯಿಂದ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಹೊರಟರೆ ಇಡೀ ಫ್ಲ್ಯಾಟು ನಡುಗುತ್ತಿತ್ತು. ಅದೇ ಹೊತ್ತಿಗೆ ಕಾಕಾನಿಗೆ ರೇಡಿಯೋದ ಸುದ್ದಿ. "ಏ, ಸಾವಕಾಶ ಬಡಿ! ಸುದ್ದಿ ಕೇಳಸವಲ್ದು!" ಎಂದು ಇವರು, "ರೊಟ್ಟಿಗೆ ಸಾವಕಾಶ ಅನ್ನೂದು ತಿಳಿಯಂಗಿಲ್ಲ" ಎಂದು ಅವರು. ಕೊನೆಗೆ ಕಾರ್ಖಾನೆಯ ತಲೆ ಕೆಲಸ ಮಾಡಿತು. ಒಂದು ಭಾನುವಾರ ಕಾಕಾ ಹಳೆಯ ಸ್ಕೂಟರಿನ ಟ್ಯೂಬು ಕತ್ತರಿಸಿ, ಪದರ ಪದರವಾಗಿ ಅಂಟಿಸಿ, ಕಾಕು ರೊಟ್ಟಿ ಬಡಿಯುವ ಪರಾತದ ತಟ್ಟೆಯ ಕೆಳಗೆ ಇಟ್ಟರು. ಸದ್ದು ನಿಂತೇ ಹೋಯಿತು! ಬಂದ ಬೀಗರನ್ನೆಲ್ಲ ಅಡುಗೆಮನೆಗೆ ಕರೆದುಕೊಂಡು ಹೋಗಿ, "ಬಡೀಲತ್ತಾಳ ನೋಡ್ರಿ, ಕೇಳಸ್ತದೇನು?" ಎಂದು ತೋರಿಸುತ್ತಿದ್ದರು. ಕಾಕು ಮಾತ್ರ ಒಮ್ಮೆ, "ನಾ ಬಡೀಲತ್ತೀನೋ ಇಲ್ಲೋ ನನಗೇ ತಿಳೀವಲ್ದು" ಅಂದಿದ್ದರು. ಎಲ್ಲರೂ ನಕ್ಕಿದ್ದೆವು.

ಕಾಕು ಹೋದ ಮೇಲೆ ಅಡುಗೆಮನೆ ಒರೆಸುವಾಗ ಆ ರಬ್ಬರು ಕಾಕಾನ ಕೈಗೆ ಸಿಕ್ಕಿತು. ಅದರ ಮೇಲೆ ಪರಾತದ ದುಂಡನೆಯ ಗುರುತು ಹಾಗೇ ಇತ್ತು. ಹೆಂಡತಿಯ ರೊಟ್ಟಿಯ ಸದ್ದು ಕೇಳಿ ಎಷ್ಟೋ ವರ್ಷವಾಗಿದೆ, ಅದನ್ನು ನಿಲ್ಲಿಸಿದವನು ತಾನೇ ಎಂಬುದು ಅಂದು ಅವರಿಗೆ ತಿಳಿಯಿತು. ಸುದ್ದಿಯೇನಾಗಿತ್ತು ಎಂದು ಕೇಳಿದರೆ ಒಂದೂ ನೆನಪಿಲ್ಲವಂತೆ. "ದೇಶದ ಸುದ್ದಿ ಕೇಳ್ಲಾಕ ಮನಿ ಸುದ್ದಿ ಬಂದ್ ಮಾಡಿದ್ನೆಪಾ" ಎಂದು ನನ್ನೆದುರು ಅತ್ತರು. ಆಮೇಲೆ ಆ ಸದ್ದನ್ನು ಮರಳಿ ಹುಟ್ಟಿಸುವ ಹುಚ್ಚು ಹಿಡಿಯಿತು. ಸೀರೆಗಳೆಲ್ಲ ನೆಂಟರಿಗೆ ಹೋಗಿ ಇಬ್ಬರ ಕಪಾಟು ಅರ್ಧ ಖಾಲಿಯಾಗಿತ್ತಲ್ಲ, ತಮ್ಮ ಬಟ್ಟೆಯನ್ನೂ ನೆಲಕ್ಕೆ ಸುರಿದು ಅದರೊಳಗೇ ಶುರುಮಾಡಿದರು.

ಸದ್ದು ಹುಟ್ಟಿಸುವುದೇನು ಸಣ್ಣ ಮಾತೇ? ಮೊದಲು ಹುಟ್ಟಿದ್ದು ಎಮ್ಮೆ. ಆಮೇಲೆ ಚಳಿಗಾಲದಲ್ಲಿ ಹತ್ತದ ಸ್ಕೂಟರು. ಒಂದು ಸಲ ಬರೀ ಬುಸ್ ಎನ್ನುವ ಡಬ್ಬಿಯನ್ನು ಚಾಲೂ ಇಟ್ಟು ಕಾಕಾ ಸ್ನಾನಕ್ಕೆ ಹೋದರು. ಅದು ಬಾಲ್ಕನಿಯಿಂದ ಹೊರಬಿದ್ದು ಬಿಲ್ಡಿಂಗಿನವರೆಲ್ಲ ಗ್ಯಾಸ್ ಸೋರುತ್ತಿದೆ ಎಂದು ರೆಗ್ಯುಲೇಟರ್ ಬಂದ್ ಮಾಡಿ, ಮುದುಕಿಯರನ್ನು ಎತ್ತಿಕೊಂಡು ಕೆಳಗೆ ಓಡಿದರು. ಅರ್ಧ ಬೇಯಿಸಿದ ಅವಲಕ್ಕಿಯ ಬಾಣಲೆ ಹಿಡಿದುಕೊಂಡೇ ಬಂದವರೂ ಇದ್ದರಂತೆ! ಗದ್ದಲ ಕೇಳಿ ಕಾಕಾನೂ ಒದ್ದೆ ಟಾವೆಲಿನಲ್ಲೇ ಇಳಿದು ಬಂದು, ಎಲ್ಲರ ಜೊತೆ ನಿಂತು, ಮುಖ ಸಣ್ಣ ಮಾಡಿಕೊಂಡು, "ಕೋಣಾಚ್ಯಾ ಘರಾತೂನ್ ಯೇತೋಯ್ ಹೋ ಆವಾಜ್?" ಎಂದು ವಿಚಾರಿಸಿದರು. ಯಾರ ಮನೆಯಿಂದ ಬರುತ್ತಿದೆಯೋ ಪಾಪ!

ಅದಾದ ಮೇಲೆ ಕಾಕಾನ ಮಗ ಹಟ ಹಿಡಿದು ಅವರನ್ನು ಸಂಭಾಜಿನಗರಕ್ಕೆ ತನ್ನ ಮನೆಗೆ ಕರೆಸಿಕೊಂಡ. ನಾನೂ ಬ್ಯಾಂಕಿನ ವರ್ಗಾವಣೆಯಲ್ಲಿ ಅದೇ ಊರಿನಲ್ಲಿದ್ದೆನಾದ್ದರಿಂದ ಸಾಮಾನು ತರುವ ಹೊಣೆ ನನ್ನ ಮೇಲೆ ಬಿತ್ತು. ಸಾಮಾನೆಂದರೆ ಒಂದು ಗಾದಿ, ಎರಡು ಚೀಲ, ಮತ್ತೆ ಆ ಕಪಾಟು. ಕಪಾಟು ಗಾದಿಯ ಮೇಲೆ ಮಲಗಿತ್ತು, ಕಾಕಾ ಟೆಂಪೋದ ಹಿಂದೆ ಬರೀ ಕಬ್ಬಿಣದ ನೆಲದ ಮೇಲೆ ಅದನ್ನು ಹಿಡಿದುಕೊಂಡು ಕೂತಿದ್ದರು. ವೈಜಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಒಬ್ಬ ರೈತ ಇಣುಕಿ ನೋಡಿ, ಬೋರ್‌ವೆಲ್ಲಿನ ಸ್ಟಾರ್ಟರ್ ಎಂದುಕೊಂಡು, ಪಂಪು ಎಷ್ಟು ಅಶ್ವಶಕ್ತಿಯದೆಂದು ತಿಳಿಯಲು, "ಕಿತೀ ಎಚ್‌ಪೀಚಾ ಪಂಪ್ ಆಹೆ, ಕಾಕಾ?" ಎಂದು ಕೇಳಿದ.

"ಏಕಾ ಭಾಕರೀಚಾ," ಅಂದರು ಕಾಕಾ. ಒಂದು ರೊಟ್ಟಿಯ ಪಂಪು! ಆ ಮನುಷ್ಯ ಹೊಸ ಕಂಪನಿ ಇರಬೇಕು ಎಂದು ತಲೆಯಾಡಿಸಿ ಹೋದ.

ಸಂಭಾಜಿನಗರದಲ್ಲಿ ಸೋಫಾ ಇರಬೇಕಾದ ಜಾಗಕ್ಕೆ ಕಪಾಟು ಬಂತು. ಸೊಸೆಗೆ ಇದು ಹಿಡಿಸಲಿಲ್ಲ. ಅವಳು ಪೈಠಣದ ಮರಾಠಿ ಹುಡುಗಿ, ಶಾಲೆಯಲ್ಲಿ ಟೀಚರು, ಬಾಯಿ ಜೋರು, ಮನಸ್ಸು ಒಳ್ಳೆಯದು. ಮದುವೆಯಾದ ಮೇಲೆ ಕನ್ನಡ ಕಲಿತಿದ್ದಾಳೆ, ಸಿಟ್ಟು ಬಂದಾಗ ಮಾತ್ರ ಮರೆಯುತ್ತಾಳೆ. "ಪಾಹುಣೆ ಮಂದಿ ಬಂದ್ರ ಎಲ್ಲಿ ಕೂಡಬೇಕು, ಬಾಬಾ?" ಎಂದು ಕೇಳಿದರೆ ಕಾಕಾ, "ನಿಂತು ಕೇಳೂ ಸಂಗೀತ ಇದು ಅವ್ವಾ" ಅನ್ನುತ್ತಿದ್ದರು. ಬೇಸಿಗೆ ಬಂತು. ಕೋಣೆ ಕಾದರೆ ಮಶೀನಿನ ಸುರ ಏರಿಬಿಡುತ್ತದಂತೆ. ಹಾಗಾಗಿ ಕೂಲರನ್ನು ಕಪಾಟಿನ ಕಡೆ ತಿರುಗಿಸಿ, ಮನೆಯವರೆಲ್ಲ ವರ್ತಮಾನಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತ ಕೂತರು! ಅಂದು ಸೊಸೆ ಕನ್ನಡ ಪೂರ್ತಿ ಮರೆತಳು.

ದಸರೆಗೆ ಸ್ವಲ್ಪ ಮುಂಚೆ ಕಾಕಾನ ಫೋನು ಬಂತು. "ಬಾ. ಬಂದ್ಲು," ಎಂದಷ್ಟೇ ಹೇಳಿ ಇಟ್ಟರು. ನಾನು ಗಾಬರಿಯಾಗಿ ಸ್ಕೂಟರು ಓಡಿಸಿಕೊಂಡು ಹೋದೆ. ಮನೆಯಲ್ಲಿ ಇನ್ನಾರೂ ಇರಲಿಲ್ಲ. ನನ್ನನ್ನು ಕಪಾಟಿನೆದುರು ನಿಲ್ಲಿಸಿ ಸ್ವಿಚ್ ಒತ್ತಿದರು.

ಧಪ್. ಧಪ್. ಮೊದಲು ದಪ್ಪನೆಯ ಸದ್ದು, ಹಿಟ್ಟಿನ ಉಂಡೆಯದು. ಬರಬರುತ್ತ ಅದು ಅಗಲವಾಯಿತು, ತೆಳುವಾಯಿತು, ಪಟ್ ಪಟ್ ಎನ್ನತೊಡಗಿತು. ನಡುನಡುವೆ ಸಣ್ಣಗೆ ಬಳೆ. ಅಂಚು ಸರಿಮಾಡಲು ಕಾಕು ನಿಲ್ಲಿಸುತ್ತಿದ್ದ ಒಂದು ಗಳಿಗೆ, ಮತ್ತೆ ಪಟ್ ಪಟ್. ನಾನು ನಾಸಿಕದ ಆ ಅಡುಗೆಮನೆಯಲ್ಲಿ, ರಜೆಗೆ ಬಂದು ತಾಟಿನ ಮುಂದೆ ಕೂತ ಹುಡುಗನಾಗಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣಿಗಿಂತ ಮೊದಲು ನನ್ನ ಬಾಯಲ್ಲಿ ನೀರು ಬಂತು.

"ಮೊಬೈಲಿನ್ಯಾಗ ಹಿಡಿದಿಡ್ತೀನ್ರಿ ಕಾಕಾ," ಅಂದೆ.

"ಬ್ಯಾಡ. ಅದರಾಗ ಪಾಪಡ ಮುರದಂಗ ಕೇಳಸ್ತದ. ದಸರಾಕ್ಕ ಎಲ್ಲಾರೂ ಕೂಡ್ತೀರಿ, ಎದುರಿಗೇ ಕೇಳ್ಲಿ. ಮಗನೂ ಕೇಳ್ಲಿ."

"ಗುಂಡಿ ಎಲ್ಲೆಲ್ಲಿ ಅವ ಅಂತ ಬರದಾದ್ರೂ ಇಡ್ರಿ."

"ಉಪ್ಪು ಎಷ್ಟು ಹಾಕ್ತೀನಿ ಅಂತ ನಿಮ್ಮ ಕಾಕು ಬರದಿಟ್ಟಿದ್ಲೇನು?"

ಆ ಮಶೀನಿನ ಗುಣವೇ ಅಂಥದ್ದು. ವೈರು ಇರುವ ತನಕ ಸದ್ದು, ಕಿತ್ತರೆ ಅದು ಎಲ್ಲಿಯೂ ಇಲ್ಲ. ಗುಂಡಿ ಕೂದಲೆಳೆಯಷ್ಟು ಸರಿದರೆ ರೊಟ್ಟಿ ಹೋಗಿ ಎಮ್ಮೆ ಬರುತ್ತದೆ.

ನವಮಿಯ ದಿನ ಆಯುಧಪೂಜೆ. ನಮ್ಮವರ ಮನೆಗಳಲ್ಲಿ ಅಂದು ಹೊಲಿಗೆ ಮಶೀನಿನಿಂದ ಹಿಡಿದು ಈಳಿಗೆಯ ತನಕ ಎಲ್ಲವನ್ನೂ ತೊಳೆದು, ಒರೆಸಿ, ವಿಭೂತಿ ಹಚ್ಚಿ, ಹೂ ಏರಿಸುತ್ತಾರೆ. ಕಾರ್ಖಾನೆಯಲ್ಲಿದ್ದಾಗ ಕಾಕಾ ಸ್ಕ್ರೂಡ್ರೈವರಿಗೂ ಒಂದೊಂದು ಹೂ ಇಟ್ಟವರು. ಅಂದು ಬೆಳಿಗ್ಗೆ ಅವರೂ ನಾನೂ ಚೆಂಡುಹೂ ತರಲು ಬಾಜಾರಿಗೆ ಹೋಗಿ ಬಂದೆವು. ಬಾಗಿಲಲ್ಲೇ ಸೊಸೆ ನಗುತ್ತ ನಿಂತಿದ್ದಳು.

"ಬಾಬಾ, ನೋಡ್ರಿ ನಾ! ಕಿತೀ ಛಾನ್ ದಿಸತಂಯ್! ಎಷ್ಟು ಛಂದ ಕಾಣಸ್ತದ! ನಿಮ್ಮ ಮಶೀನ್‌ಗೆ ನಾನೇ ಪೂಜಾ ಮಾಡ್ದೆ."

ಕಪಾಟು ಮದುಮಗನಂತೆ ನಿಂತಿತ್ತು. ಒಂದು ವೈರೂ ಜೋತಾಡುತ್ತಿರಲಿಲ್ಲ. ಎಲ್ಲ ಕಿತ್ತು, ಒರೆಸಿ, ಬಣ್ಣಕ್ಕೆ ತಕ್ಕಂತೆ ಸುರುಳಿ ಸುತ್ತಿ, ರಬ್ಬರ್ ಬ್ಯಾಂಡು ಹಾಕಿ ತಟ್ಟೆಯಲ್ಲಿಟ್ಟಿದ್ದಳು. ಪ್ರತಿ ಗುಂಡಿಯನ್ನೂ ಒದ್ದೆ ಬಟ್ಟೆಯಿಂದ ತಿಕ್ಕಿ, ಶಾಲೆಯ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವಂತೆ ಎಲ್ಲದರ ಗೆರೆಯನ್ನೂ ಮೇಲಕ್ಕೆ ತಿರುಗಿಸಿ, ಒಂದೊಂದಕ್ಕೂ ಮೂರು ಬೆರಳ ವಿಭೂತಿ ಎಳೆದಿದ್ದಳು. ಎಷ್ಟೋ ದಿನ ಆ ಮಶೀನಿನ ಜೊತೆ ಜಗಳಾಡಿದವಳು ಅಂದು ಮಾವನ ಖುಷಿಗಾಗಿ ರಾಜಿ ಮಾಡಿಕೊಂಡಿದ್ದಳು.

ಕಾಕಾ ಹೂವಿನ ಚೀಲ ಕೆಳಗಿಟ್ಟರು. ಸೊಸೆಯ ಮುಖ ನೋಡಿದರು. "ಛಲೋ ಮಾಡಿದಿ ಅವ್ವಾ," ಅಂದರು. "ತಡಿ, ನಮಸ್ಕಾರ ಮಾಡ್ತೀನಿ."

ಕಪಾಟಿನ ಮುಂದೆ ಬಗ್ಗಿ ನೆಲಕ್ಕೆ ಹಣೆ ಹಚ್ಚಿದವರು ಬಹಳ ಹೊತ್ತು ಏಳಲೇ ಇಲ್ಲ. ಸೊಸೆ ಸಂತೋಷದಿಂದ ನನ್ನ ಕಿವಿಯಲ್ಲಿ, "ಬಾಬಾ ಕಿತೀ ಭಾವಿಕ್ ಆಹೇತ್!" ಅಂದಳು. ಅವರ ಭಕ್ತಿ ನೋಡಿ ಅವಳಿಗೆ ಕಣ್ಣು ತುಂಬಿತ್ತು.

ಆಮೇಲೆ ಕಾಕಾ ಮತ್ತೆ ವೈರು ಚುಚ್ಚಿದರು, ಗುಂಡಿ ತಿರುಗಿಸಿದರು. ಆಡಿನ ಗೊರಸು ಬಂತು, ತಗಡಿನ ಮೇಲಿನ ಮಳೆ ಬಂತು, ಸಭೆಯ ಚಪ್ಪಾಳೆಯೂ ಬಂತು. ಕಾಕು ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಕಪಾಟಿನ ಮೇಲೆ ಒಂದು ಧೋತರ ಹೊದಿಸಿ ಕೈಬಿಟ್ಟರು. ಗುಂಡಿಗಳ ಮೇಲಿನ ವಿಭೂತಿಯನ್ನು ಮಾತ್ರ ಒರೆಸಲಿಲ್ಲ. ಯಾರಿಗೂ ಏನೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಆದರೆ ಸೊಸೆ, "ಬಾಬಾ ಮಶೀನ್ ಯಾಕ ಬಂದ್ ಇಟ್ಟಾರ? ನನ್ನಿಂದ ಏನರ ಚೂಕ್ ಆಯ್ತೇನು?" ಎಂದು ಮತ್ತೆ ಮತ್ತೆ ಕೇಳಿದಾಗ ನನಗೆ ಸುಳ್ಳು ಹೇಳಲಾಗಲಿಲ್ಲ. ಎಲ್ಲ ಕೇಳಿ ಅವಳು ಒಂದೂ ಮಾತಾಡಲಿಲ್ಲ, ಯಾವ ಭಾಷೆಯಲ್ಲೂ.

ಮುಂದಿನ ಭಾನುವಾರ ನನ್ನನ್ನು ಊಟಕ್ಕೆ ಕರೆದಳು. ಕಾಕಾನೂ ನಾನೂ ಹಾಲ್‌ನಲ್ಲಿ ಪೇಪರು ಹಂಚಿಕೊಂಡು ಕೂತಿದ್ದೆವು. ದಿನಾ ಚಪಾತಿ ಲಟ್ಟಿಸುವ ಮನೆ ಅದು. ಅಂದು ಅಡುಗೆಮನೆಯಿಂದ ಏನೋ ಮೆತ್ತಗೆ, ಗೋಡೆಯಾಚೆ ಯಾರೋ ದಿಂಬು ತಟ್ಟಿದಂತೆ ಕೇಳಿತು. ಕಾಕಾ ಪೇಪರು ಇಳಿಸಿದರು. ಆಮೇಲೆ ಎದ್ದು ಹೋದರು. ನಾನೂ ಹಿಂದೆ ಹೋದೆ.

ಸೊಸೆ ಭಾಕರಿ ಬಡಿಯುತ್ತಿದ್ದಳು. ಪರಾತದ ಕೆಳಗೆ ಟಾವೆಲು ಮಡಚಿ ಹಾಸಿದ್ದಳು.

"ಅದೇನದು ಕೆಳಗ?"

"ಟಾವೆಲ್, ಬಾಬಾ." ಅವಳ ಕೈ ನಿಂತಿತು. "ನಿಮಗ ಆವಾಜ್ ಕೇಳಿ ತ್ರಾಸ ಆಗಬಾರ್ದು ಅಂತ..."

ಕಾಕಾ ಒಂದು ಕೈಯಿಂದ ಪರಾತ ಎತ್ತಿದರು, ಇನ್ನೊಂದು ಕೈಯಿಂದ ಟಾವೆಲು ಎಳೆದು ಹೆಗಲ ಮೇಲೆ ಹಾಕಿಕೊಂಡರು. ಬರೀ ಕಲ್ಲಿನ ಕಟ್ಟೆಯ ಮೇಲೆ ಪರಾತ ಇಟ್ಟರು.

"ಈಗ ಬಡಿ."

ಅವಳು ಹೆದರುತ್ತ ಬಡಿದಳು. ಅದು ಕಾಕುವಿನ ಸದ್ದಲ್ಲ. ಪೈಠಣದ ಯಾವುದೋ ತಾಯಿಯದು, ಅವಸರದ್ದು, ಬಳೆಯೂ ಇಲ್ಲದ್ದು. ಅದು ನನಗೇ ತಿಳಿದ ಮೇಲೆ ಕಾಕಾನ ಕಿವಿಗೆ ತಿಳಿಯದೇ?

"ಜೋರ ಬಡಿ ಅವ್ವಾ," ಅಂದರು. "ಇಡೀ ಮನಿಗೆ ಕೇಳಸ್ಲಿ."