ಅಪ್ಪ ಪ್ಯಾಕ್ ಮಾಡಿದ ಟಾಯ್ಲೆಟ್ಟು ಮತ್ತು ನನ್ನ ಏಳು ಸ್ಟಾಪುಗಳು

ಓಯ್, ಗ್ರೂಪಿನ ಸಮಸ್ತ ಸೋಮಾರಿಗಳೇ! ಎಲ್ಲಿದ್ದೀರೋ ಅಲ್ಲೇ ನಿಲ್ಲಿ, ಕಿವಿ ಇತ್ತ ಕೊಡಿ. ವಾಯ್ಸ್ ನೋಟು ಸ್ವಲ್ಪ ಉದ್ದ ಇದೆ, ಸ್ಪೀಡ್ ಜಾಸ್ತಿ ಮಾಡಿ ಕೇಳುವವರು ಕೇಳಿಕೊಳ್ಳಿ, ಆದರೆ ಅರ್ಧಕ್ಕೆ ಬಿಟ್ಟವರ ಜೊತೆ ನಾನು ಮಾತಾಡುವುದಿಲ್ಲ.

ನಾನು ಯಾರು ಅಂತ ನಿಮಗೆ ಗೊತ್ತು. ಕೊರಿಯರ್ ಆಫೀಸಿನಲ್ಲಿ ನಲವತ್ತೆರಡು ಗಾಡಿಗಳಿಗೆ ದಿನಾ ರೂಟು ಹಾಕುವವಳು. ಯಾವ ಗಾಡಿ ಯಾವ ಬೀದಿಯಲ್ಲಿ ಎಷ್ಟು ನಿಮಿಷ ನಿಲ್ಲಬೇಕು ಎಂಬುದು ನನ್ನ ಬೆರಳ ತುದಿಯಲ್ಲಿ. ಇಂಥ ನಾನು ನಮ್ಮ ಮನೆಯ ಐದು ಜನರನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಿಸಲಾರೆನೇ? ಚರಿತ್ರೆಯಲ್ಲಿ ಯಾರೂ ಮಾಡದ ಪ್ರವಾಸ ಮಾಡಿಸುತ್ತೇನೆ ಅಂತ ಊಟದ ಟೇಬಲ್ಲಿನ ಮೇಲೆ ಕೈ ಗುದ್ದಿ ಘೋಷಿಸಿದೆ. ಸಾರಿನ ಪಾತ್ರೆ ಒಮ್ಮೆ ಹಾರಿ ಕೂತಿತು. ಅಮ್ಮ ಮಾತ್ರ "ಮೊದ್ಲು ತಟ್ಟೆ ತೊಳಿ" ಅಂದಳು.

ಈ ಪ್ರವಾಸ ಯಾಕೆ ಅಂದರೆ ನಮ್ಮಜ್ಜಿಗಾಗಿ. ಅಜ್ಜಿಯ ಅಕ್ಕ ಇರುವುದು ಐನೂರು ಕಿಲೋಮೀಟರ್ ಆಚೆ. ಆ ಹಿರಿಯಜ್ಜಿಗೆ ಎಂಬತ್ತೊಂದು, ನಮ್ಮಜ್ಜಿಗೆ ಎಪ್ಪತ್ತೇಳು. ಇಬ್ಬರೂ ದಿನಾ ಫೋನಿನಲ್ಲಿ ಮಾತಾಡುತ್ತಾರೆ, ಮುಖ ನೋಡಿ ಮಾತ್ರ ಆರು ವರ್ಷವಾಯಿತು. ಆರು ವರ್ಷದ ಹಿಂದೆ ಮದುವೆಯೊಂದಕ್ಕೆ ಬಸ್ಸಿನಲ್ಲಿ ಹೊರಟಿದ್ದೆವು. ಅಜ್ಜಿ ಮೂರು ಸಲ ಬಸ್ ನಿಲ್ಲಿಸಿ ಅಂತ ಕೇಳಬೇಕಾಯಿತು. ಮೂರನೇ ಸಲ ಹಿಂದಿನ ಸೀಟಿನವನು ಯಾರೋ ಏನೋ ಅಂದು ನಕ್ಕ. ಅಜ್ಜಿ ಮುಂದಿನ ಊರಿನಲ್ಲಿ ಇಳಿದು, ಅಪ್ಪನನ್ನು ಕರೆದುಕೊಂಡು ಮನೆಗೆ ವಾಪಸ್ ಹೋದಳು. ಆಮೇಲೆ ಯಾವ ಪ್ರಯಾಣದ ಮಾತು ಬಂದರೂ ನಾವೆಲ್ಲ ಅವಳ ಮುಂದೆ ದನಿ ತಗ್ಗಿಸಿ ಮಾತಾಡುವುದೇ ರೂಢಿಯಾಯಿತು. ಪಾಪ, ಬೇಜಾರಾಗಬಾರದಲ್ಲ.

ಅದಕ್ಕೇ ನಾನು ಹುಡುಕಿದ್ದು ಕ್ಯಾರವಾನ್. ಮನೆಯೇ ಗಾಲಿ ಕಟ್ಟಿಕೊಂಡು ಹೊರಟ ಹಾಗಿರುವ ಗಾಡಿ. ಒಳಗೆ ಮಂಚ, ಒಲೆ, ಸಿಂಕು, ಎಲ್ಲಕ್ಕಿಂತ ಮುಖ್ಯವಾಗಿ ಮಂಚದಿಂದ ಮೂರೇ ಹೆಜ್ಜೆಗೆ ಸ್ವಂತ ಟಾಯ್ಲೆಟ್ಟು. ಯಾರನ್ನೂ ಕೇಳಬೇಕಿಲ್ಲ, ಯಾರೂ ನಗುವ ಹಾಗಿಲ್ಲ. ಅಜ್ಜಿಯ ಮನ ಒಲಿಸಲು ಹತ್ತು ನಿಮಿಷದ ಭಾಷಣ ಬಾಯಿಪಾಠ ಮಾಡಿಕೊಂಡು ಹೋದೆ. "ಅಜ್ಜಿ, ನೀನೂ ಬರ್ತೀಯಾ" ಅನ್ನುವಷ್ಟರಲ್ಲಿ ಅವಳು "ಬರ್ತೀನಿ" ಅಂದಳು. ನನ್ನ ವ್ಯಕ್ತಿತ್ವದ ಪ್ರಭಾವವೇ ಅಂಥದ್ದು ಅಂದುಕೊಂಡು ಬೀಗಿದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಅವಳ ಬ್ಯಾಗು ಬಾಗಿಲ ಹತ್ತಿರ ಬಂದು ಕೂತಿತ್ತು.

ಒಂದೇ ಒಂದು ಕಷ್ಟವೆಂದರೆ ಹಿರಿಯಜ್ಜಿ ಸಂಜೆ ಏಳಕ್ಕೆ ಸರಿಯಾಗಿ ಮಾತ್ರೆ ನುಂಗಿ ಮಲಗಿಬಿಡುತ್ತಾಳೆ. ಆಮೇಲೆ ಮನೆ ಹೊತ್ತುಕೊಂಡು ಹೋದರೂ ಏಳುವುದಿಲ್ಲ. ಮಾರನೇ ಬೆಳಿಗ್ಗೆ ಬೇಗ ಅವಳನ್ನು ಕಣ್ಣಿನ ಆಪರೇಷನ್ನಿಗೆ ಕರೆದೊಯ್ಯುತ್ತಾರೆ. ಕಟ್ಟು ಹಾಕುವುದಕ್ಕೆ ಮುಂಚೆ ತಂಗಿಯ ಮುಖ ಒಮ್ಮೆ ನೋಡಬೇಕು ಅಂತ ಅವಳೇ ಫೋನಿನಲ್ಲಿ ಅಂದಿದ್ದಳು. ಹಾಗಾಗಿ ಏಳರೊಳಗೆ ತಲುಪಲೇಬೇಕು. ನನ್ನ ಲೆಕ್ಕದಲ್ಲಿ ಬೆಳಿಗ್ಗೆ ಏಳಕ್ಕೆ ಬಿಟ್ಟು, ಎರಡು ಕಡೆ ನಿಂತು, ನಾಲ್ಕೂವರೆಗೆ ತಲುಪುತ್ತಿದ್ದೆವು. ಅಂದ ಚಂದದ ಪಟ್ಟಿಯನ್ನು ಲ್ಯಾಮಿನೇಷನ್ ಮಾಡಿಸಿ ಡ್ರೈವರ್ ಸೀಟಿನ ಮುಂದೆ ನೇತುಹಾಕಿದೆ.

ಡ್ರೈವರ್ ಅಂದರೆ ಅಪ್ಪ. ಅವನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನದು ಮನೆ ಸಾಮಾನು ಸಾಗಿಸುವ ಕೆಲಸ. ಮೂವತ್ತು ವರ್ಷದಿಂದ ಜನರ ಸಂಸಾರಗಳನ್ನು ಲಾರಿಗೆ ತುಂಬಿಸಿದ್ದಾನೆ. ಅವನು ತುಂಬಿಸಿದ ಲಾರಿಯಲ್ಲಿ ಚಮಚ ಕೂಡ ಅಲ್ಲಾಡುವುದಿಲ್ಲ. ಖಾಲಿ ಜಾಗ ಕಂಡರೆ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಹೊರಡುವ ದಿನ ಬೆಳಿಗ್ಗೆ ಐದಕ್ಕೇ ಎದ್ದು, ಹಗ್ಗ ಕಂಬಳಿ ಹಿಡಿದು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ ಒಬ್ಬನೇ ಪ್ಯಾಕ್ ಮಾಡಿದ.

ಹೊರಟು ಅರ್ಧ ಗಂಟೆಯಾಗಿತ್ತು. ಅಜ್ಜಿ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಪಕ್ಕದಲ್ಲಿ ಗುಬ್ಬಿ, ನನ್ನ ಅಕ್ಕನ ಐದು ವರ್ಷದ ಮಗಳು. ಅಕ್ಕ ನರ್ಸು, ಡ್ಯೂಟಿ ಇತ್ತು ಅಂತ ಮಗಳನ್ನು ನಮ್ಮ ಜೊತೆ ಕಳಿಸಿದ್ದಳು. ನಾನು ಹೆಮ್ಮೆಯಿಂದ ಟಾಯ್ಲೆಟ್ಟಿನ ಬಾಗಿಲು ಎಳೆದೆ. ತೆರೆಯಲಿಲ್ಲ. ಇನ್ನೂ ಜೋರಾಗಿ ಎಳೆದೆ. ಸಂದಿಯಿಂದ ಒಂದು ಕುರ್ಚಿ ಕಾಲು ಇಣುಕಿತು. ಮುಂದೆ ಹೋಗಿ ಅಪ್ಪನ ಕಿವಿಯಲ್ಲಿ ಕೇಳಿದೆ.

"ಅಪ್ಪಾ, ಹಿಂದೆ ಆ ಬಾಗಿಲೊಳಗೆ ಏನಿಟ್ಟಿದೀಯ?"

"ಮಡಚೋ ಟೇಬಲ್ಲು, ನಾಲ್ಕು ಕುರ್ಚಿ, ಎರಡು ಹಾಸಿಗೆ, ಗುಬ್ಬಿ ಸೈಕಲ್ಲು, ದೊಡ್ಡಮ್ಮಂಗೆ ತಗೊಂಡ ಫ್ಯಾನು. ಒಳ್ಳೆ ಬೀರು ಕಣೇ ಅದು."

"ಅದರೊಳಗೆ ಕಮೋಡ್ ಇತ್ತಲ್ಲಪ್ಪ?"

"ಇತ್ತು. ಫ್ಯಾನು ಅದರ ಮೇಲೆ ಅಳತೆ ತಗೊಂಡು ಮಾಡ್ಸಿದ ಹಾಗೆ ಕೂತ್ಕೊಳ್ತು."

ಬಿಚ್ಚಲು ಎಷ್ಟು ಹೊತ್ತು ಬೇಕು ಅಂದೆ. ಮೊದಲು ಮಂಚ ಬಿಚ್ಚಬೇಕು, ನಾಲ್ಕು ಆಳು ಬೇಕು, ಎರಡು ಗಂಟೆ ಬೇಕು, ಮತ್ತೆ ಹೀಗೆ ಕೂರಿಸುವುದಕ್ಕೆ ದೇವರೇ ಬರಬೇಕು ಅಂದ. ಆ ದನಿಯಲ್ಲಿದ್ದ ಹೆಮ್ಮೆ ಕೇಳಿ ನನಗೆ ಬೈಯುವುದಕ್ಕೂ ಬಾಯಿ ಬರಲಿಲ್ಲ.

ಈಗ ಏನು ಮಾಡುವುದು? ಅಜ್ಜಿ ಒಂದು ಸಲ, ಒಂದೇ ಒಂದು ಸಲ ಬಾಯಿಬಿಟ್ಟು "ನಿಲ್ಲಿಸಿ" ಅಂತ ಕೇಳುವ ಹಾಗಾದರೆ ಮುಗಿಯಿತು, ಈ ಜನ್ಮದಲ್ಲಿ ಮತ್ತೆ ಹೊಸ್ತಿಲು ದಾಟುವುದಿಲ್ಲ. ಅವಳು ಕೇಳುವುದಕ್ಕೆ ಮುಂಚೆ ನಾನೇ ನಿಲ್ಲಿಸಬೇಕು. ಅದೂ ಅವಳಿಗಾಗಿ ಅಂತ ಗೊತ್ತಾಗದ ಹಾಗೆ. ಲ್ಯಾಮಿನೇಷನ್ ಪಟ್ಟಿಯನ್ನು ತಿರುಗಿಸಿ ಹಾಕಿ, "ಇವತ್ತು ಮಕ್ಕಳು ಮರಿ ಎಲ್ಲರೂ ನೋಡುವಂಥ ವಿಶೇಷ ಜಾಗಗಳಲ್ಲಿ ಗಾಡಿ ನಿಲ್ಲುತ್ತೆ" ಅಂತ ಸಾರಿದೆ. ಗುಬ್ಬಿ ತಕ್ಷಣ ಕ್ರೇಯಾನ್ ಹಿಡಿದು ಮಾರ್ಕ್ಸ್ ಕೊಡಲು ಕೂತಳು.

ಮೊದಲ ವಿಶೇಷ ಜಾಗ ಒಂದು ಪೆಟ್ರೋಲ್ ಬಂಕು.

"ಇಲ್ಲಿ ಏನ್ ನೋಡೋದು ಚಿಕ್ಕಿ?" ಅಂದಳು ಗುಬ್ಬಿ.

ಟೈರಿಗೆ ಗಾಳಿ ತುಂಬುವುದನ್ನು ಅಂದೆ. ಆಮೇಲೆ ಹೊಟ್ಟೆ ಹಿಡಿದುಕೊಂಡು, ನನಗೇ ಅರ್ಜೆಂಟು ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ ಒಳಗೆ ಹೋದೆ. ನಲ್ಲಿ ಬಿಟ್ಟು ಐವತ್ತರವರೆಗೆ ಎಣಿಸಿದೆ, ಹೊರಗೆ ಬಂದೆ. ಅಜ್ಜಿ ಆಗಲೇ ಹಿಂದೆಯೇ ಬಂದು ನಿಂತಿದ್ದಳು. ಹೇಗೂ ಬಂದಿದೀಯ, ನೀನೂ ಹೋಗಿ ಬಾ ಅಂತ ಹಗುರವಾಗಿ ಅಂದೆ. ಅವಳು ಒಳಗೆ ಹೋದಳು. ನಾನು ಬಾಗಿಲ ಹೊರಗೆ ಕಾವಲು ನಿಂತೆ.

"ನಿಧಾನ ಅಜ್ಜಿ, ನಾನಿಲ್ಲೇ ಇದೀನಿ."

ಎಂಥ ಉಪಾಯ! ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಲು ಕೈ ಎಟುಕಲಿಲ್ಲ, ಅಷ್ಟೇ.

ಎರಡನೆಯದು ಸಸಿ ಮಾರುವ ನರ್ಸರಿ. ಮೂರನೆಯದು ಒಂದು ಮೋಟು ಪಾರ್ಕು, ಅದರಲ್ಲಿ ಒಂದೇ ಉಯ್ಯಾಲೆ, ಅದಕ್ಕೂ ಒಂದೇ ಸರಪಳಿ. ನಾಲ್ಕನೆಯದು ಬಾತ್‌ರೂಮ್ ಸಾಮಾನಿನ ಶೋರೂಮು. ಹೊರಗಿನಿಂದ ದೊಡ್ಡದಾಗಿ ಕಂಡಿತು ಅಂತ ನುಗ್ಗಿದೆ. ಮೂವತ್ತು ಕಮೋಡುಗಳು ಸಾಲಾಗಿ ಹೊಳೆಯುತ್ತ ನಿಂತಿದ್ದವು, ಒಂದಕ್ಕೂ ನೀರಿನ ಪೈಪಿಲ್ಲ. ಅಂಗಡಿಯವರು ಬಹಳ ಮರ್ಯಾದೆಯಿಂದ ಪಕ್ಕದ ಹೋಟೆಲ್ಲಿಗೆ ಕಳಿಸಿದರು. ಗುಬ್ಬಿ ಮಾತ್ರ ಆ ಶೋರೂಮಿಗೆ ಐದಕ್ಕೆ ಆರು ಸ್ಟಾರು ಕೊಟ್ಟಳು.

ಇಷ್ಟರಲ್ಲಿ ಅಮ್ಮನ ಕಣ್ಣು ನನ್ನ ಮೇಲೆ ಬಿದ್ದಿತ್ತು. ಅಮ್ಮ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ಇಪ್ಪತ್ತು ವರ್ಷ ನಿಂತವಳು. ಗಿರಾಕಿ ಬಾಯಿ ತೆರೆಯುವ ಮುಂಚೆ ಯಾವ ಮಾತ್ರೆ ಅಂತ ಹೇಳಬಲ್ಲಳು. ನನ್ನ ನಾಲಿಗೆ ನೋಡಿದಳು, ಕಣ್ಣಿನ ರೆಪ್ಪೆ ಎಳೆದು ನೋಡಿದಳು, ನಿನ್ನೆ ಹೊರಗೆ ಏನು ತಿಂದೆ ಅಂತ ವಿಚಾರಣೆ ಮಾಡಿದಳು. ಆಮೇಲೆ ಒಂದು ಲೀಟರ್ ಬಾಟಲಿಯಲ್ಲಿ ಉಪ್ಪು ಸಕ್ಕರೆ ಕಲಸಿ ಕೈಗೆ ಕೊಟ್ಟು, ಖಾಲಿಯಾಗುವವರೆಗೆ ಎದುರು ಕೂತಳು. ನಿಜ ಹೇಳುವ ಹಾಗಿಲ್ಲ, ಅಜ್ಜಿ ಮೂರಡಿ ದೂರದಲ್ಲಿದ್ದಾಳೆ. ಕುಡಿದೆ. ಪ್ರತಿ ಸ್ಟಾಪಿಗೆ ಒಂದು ಬಾಟಲಿಯ ಲೆಕ್ಕದಲ್ಲಿ ಕುಡಿದೆ. ಅಜ್ಜಿಗಾಗಿ ತ್ಯಾಗ ಮಾಡುತ್ತಿದ್ದೇನೆ ಅನ್ನಿಸಿ ಕಣ್ಣು ಕೂಡ ಸ್ವಲ್ಪ ಒದ್ದೆಯಾಯಿತು.

ಅಪ್ಪ ಮಾತ್ರ ಒಂದು ಸಲವೂ ಇಳಿಯಲಿಲ್ಲ. ಕೆಲಸ ಗೊತ್ತಿರುವ ಡ್ರೈವರು ಊರು ತಲುಪುವವರೆಗೆ ಸೀಟು ಬಿಡುವುದಿಲ್ಲವಂತೆ.

ಏಳನೇ ಸ್ಟಾಪು ಮತ್ತೊಂದು ಪೆಟ್ರೋಲ್ ಬಂಕು. ಸಂಜೆ ಐದೂಕಾಲು. ನಾನು ಹೋಗಿ ಬಂದೆ, ಅಜ್ಜಿ ಹೋಗಿ ಬಂದಳು, ಇಬ್ಬರ ಜೊತೆಗೂ ಗುಬ್ಬಿ ಒಳಗೆ ಹೋಗಿ ಬಂದಳು. ಗಾಡಿ ಹತ್ತಿದ ಮೇಲೆ ಗುಬ್ಬಿ ನನ್ನ ಮಡಿಲಲ್ಲಿ ಕೂತು ಅಂದಳು.

"ಚಿಕ್ಕಿ, ಮುತ್ತಜ್ಜಿಗೆ ಎಣಿಸೋಕೆ ಬರಲ್ಲ."

"ಏನು ಎಣಿಸೋಕೆ?"

"ಒಳಗೆ ಹೋಗಿ ನಲ್ಲಿ ಬಿಟ್ಟು ಐವತ್ತರ ತನಕ ಎಣಿಸ್ತಾರಲ್ಲ, ನೀನೂ ಎಣಿಸ್ತೀಯಲ್ಲ, ಹಾಗೆ. ಆದ್ರೆ ಮುತ್ತಜ್ಜಿ ಮೂವತ್ತೆಂಟು ಬಿಟ್ಬಿಡ್ತಾರೆ."

ನಾನು ಅಜ್ಜಿಯನ್ನು ನೋಡಿದೆ. ಅಜ್ಜಿ ನನ್ನನ್ನು ನೋಡಿದಳು.

"ನೀನ್ಯಾಕೆ ಎಣಿಸ್ತಿದ್ದೆ ಅಜ್ಜಿ?"

"ನಿನಗೆ ಹೊಟ್ಟೆ ಸರಿಯಿಲ್ಲ ಅಂದ್ಯಲ್ಲ. ಒಬ್ಬಳೇ ಇಳಿದ್ರೆ ನಾಚಿಕೆ ಆಗುತ್ತೆ ಅಂತ ನಾನೂ ಜೊತೆಗೆ ಇಳೀತಿದ್ದೆ. ಒಳಗೆ ಹೋದ್ಮೇಲೆ ಏನಾದ್ರೂ ಮಾಡ್ಬೇಕಲ್ಲ."

"ನನಗೇನೂ ಆಗಿಲ್ಲ. ನಾನು ನಿಲ್ಲಿಸಿದ್ದೇ ನಿನಗೋಸ್ಕರ. ಆವತ್ತು ಬಸ್ಸಲ್ಲಿ..."

"ಆವತ್ತು ಇನ್‌ಫೆಕ್ಷನ್ ಆಗಿತ್ತು ಕಣೇ. ನಿಮ್ಮಮ್ಮನೇ ಮಾತ್ರೆ ತಂದ್ಕೊಟ್ಳು. ಎಂಟು ದಿನಕ್ಕೆ ಹೋಯ್ತು."

ಎಲ್ಲರೂ ಅಮ್ಮನ ಕಡೆ ತಿರುಗಿದೆವು. ಅಮ್ಮ ಉಪ್ಪು ಸಕ್ಕರೆ ಬಾಟಲಿಯ ಮುಚ್ಚಳವನ್ನು ಬಹಳ ಶ್ರದ್ಧೆಯಿಂದ ಹಾಕುತ್ತಿದ್ದಳು.

ಹಾಗಾದರೆ ಆರು ವರ್ಷದಿಂದ ಎಲ್ಲಿಗೂ ಯಾಕೆ ಬರಲಿಲ್ಲ ಅಂತ ಕೇಳಿದೆ. ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಒಂದು ಸಲ ಬೇಡ ಅಂದೆ. ಎರಡನೇ ಸಲ ಯಾರು ಕೇಳಿದ್ರು?"

ನಲವತ್ತೆರಡು ಗಾಡಿಗಳಿಗೆ ರೂಟು ಹಾಕುವವಳು ಬೆರಳು ಮಡಚಿ ಲೆಕ್ಕ ಹಾಕಿದೆ. ಏಳು ಸ್ಟಾಪು, ಮೂರು ಗಂಟೆ ವ್ಯರ್ಥ, ಅದರಲ್ಲಿ ಒಂದು ಸಲವೂ ಯಾರಿಗೂ ಬೇಕಿರಲಿಲ್ಲ. ಅಪ್ಪ ಕನ್ನಡಿಯಲ್ಲಿ ಒಮ್ಮೆ ತನ್ನ ತಾಯಿಯನ್ನು ನೋಡಿದ, ತಕ್ಷಣ ರಸ್ತೆಯ ಕಡೆ ತಿರುಗಿಕೊಂಡ. ಮೂಗು ಒರೆಸಿಕೊಂಡದ್ದು ನನಗೆ ಕಾಣಿಸಿತು.

"ಇನ್ನು ಎಲ್ಲೂ ನಿಲ್ಲಿಸ್ಬೇಡಪ್ಪಾ," ಅಂದಳು ಅಜ್ಜಿ. "ಅಕ್ಕ ಮಲಗಿಬಿಡ್ತಾಳೆ."

ಅಪ್ಪ ತಲೆಯಾಡಿಸಿ ಗಾಡಿ ಓಡಿಸಿದ. ಸರಿಯಾಗಿ ಆಗಲೇ, ಸ್ನೇಹಿತರೇ, ಮಧ್ಯಾಹ್ನದಿಂದ ಕುಡಿದ ನಾಲ್ಕು ಬಾಟಲಿ ಉಪ್ಪು ಸಕ್ಕರೆ ನೀರು ಒಟ್ಟಿಗೆ ನನ್ನ ಬಾಗಿಲು ತಟ್ಟಿತು.

ಇನ್ನೂ ಎಂಬತ್ತು ಕಿಲೋಮೀಟರ್. ನಾನು ಕಾಲ ಮೇಲೆ ಕಾಲು ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಕಿಟಕಿಯ ಹೊರಗೆ ನೋಡಿದರೆ ಕೆರೆ. ಕಣ್ಣು ಮುಚ್ಚಿದರೆ ಮೂವತ್ತು ಕಮೋಡುಗಳು ಕೈಬೀಸಿ ಕರೆದವು. ಎದುರಿಗೇ ಅಪ್ಪನ ಬೀರು, ಅದರೊಳಗೆ ಸಿಂಹಾಸನ ಏರಿ ಕೂತಿರುವ ಫ್ಯಾನು. ಚಿಕ್ಕಿ ಯಾಕೆ ಡ್ಯಾನ್ಸ್ ಮಾಡ್ತಿದ್ದಾಳೆ ಅಂತ ಗುಬ್ಬಿ ಕೇಳಿದಳು. ಅಜ್ಜಿ ನನ್ನ ಮುಖ ನೋಡಿದವಳೇ ಎದ್ದು ನಿಂತಳು.

"ನಿಲ್ಸಪ್ಪಾ."

"ಬೇಡಪ್ಪಾ, ಹೋಗು," ಅಂದೆ ನಾನು. "ನನಗೇನೂ ಇಲ್ಲ."

"ಈ ಸಲ ಇದೆ," ಅಂದಳು ಅಜ್ಜಿ.

"ಇದ್ರೂ ನಿಲ್ಸೋದು ಬೇಡ. ಕೂತ್ಕೋ ಅಜ್ಜಿ."

ಅವಳು ಒಂದು ಕ್ಷಣ ನಿಂತೇ ಇದ್ದಳು. ಆಮೇಲೆ ಬಂದು ಪಕ್ಕದಲ್ಲಿ ಕೂತು, ನನ್ನ ಕೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡು ಎಣಿಸಲು ಶುರು ಮಾಡಿದಳು. ಒಂದೊಂದು ಕಿಲೋಮೀಟರ್ ಕಲ್ಲಿಗೆ ಒಂದೊಂದು. ಮೂವತ್ತೇಳರ ನಂತರ ಮೂವತ್ತೊಂಬತ್ತು ಅಂದಳು. ಗುಬ್ಬಿ ತಿದ್ದಿದಳು. ನನಗಂತೂ ಒಂದು ಕಲ್ಲು ಕಮ್ಮಿಯಾದರೂ ಸಾಕು ಅನ್ನಿಸಿತ್ತು.

ಆರು ಐವತ್ತೆರಡಕ್ಕೆ ತಲುಪಿದೆವು. ಹಿರಿಯಜ್ಜಿ ಬಾಗಿಲಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಕೈಯ ಮುಷ್ಟಿಯಲ್ಲಿ ಮಾತ್ರೆ. ಬೆವರಿಗೆ ಮಾತ್ರೆಯ ಬಣ್ಣ ಅಂಗೈಗೆ ಅಂಟಿತ್ತು. ಅಜ್ಜಿ ಹತ್ತಿರ ಹೋಗಿ ಬಗ್ಗಿ ನಿಂತಳು. ಹಿರಿಯಜ್ಜಿ ಲೋಟ ಕೆಳಗಿಟ್ಟು, ತಂಗಿಯ ಮುಖವನ್ನು ದೀಪದ ಬೆಳಕಿಗೆ ತಿರುಗಿಸಿ, ಹಣೆ, ಮೂಗು, ಗಲ್ಲ ಎಲ್ಲ ಒಂದೊಂದಾಗಿ ನೋಡಿದಳು.

"ಇಷ್ಟು ಹೊತ್ತು ಏನ್ ಮಾಡ್ತಿದ್ರಿ?" ಅಂದಳು.

"ದಾರೀಲಿ ನೋಡೋದು ತುಂಬಾ ಇತ್ತಕ್ಕಾ," ಅಂದಳು ನಮ್ಮಜ್ಜಿ. "ಹುಡುಗಿ ಎಲ್ಲ ತೋರಿಸಿದ್ಳು."

ಅಲ್ಲೇ ನಿಂತು ಅಳಬೇಕು ಅನ್ನಿಸಿತು. ಆದರೆ ಆ ಹೊತ್ತಿನಲ್ಲಿ ನನ್ನ ಮೈಯಿಂದ ಒಂದು ಹನಿ ನೀರು ಹೊರಬಂದರೂ ಅಪಾಯವಿತ್ತು. ಮನೆಯೊಳಗೆ ಓಡಿದೆ. ಬಾತ್‌ರೂಮಿನ ಬಾಗಿಲು ಒಳಗಿನಿಂದ ಬೋಲ್ಟು. ಒಳಗೆ ಯಾರು? ಏಳು ಸ್ಟಾಪಿನಲ್ಲಿ ಒಮ್ಮೆಯೂ ಸೀಟು ಬಿಡದ ಆ ಮಹಾನ್ ಡ್ರೈವರು.

ಅವನು ಹೊರಗೆ ಬರುವಷ್ಟರಲ್ಲಿ ನಾನು ಹನ್ನೆರಡು ಜನ್ಮ ಕಳೆದಿದ್ದೆ. ಒಳಗೆ ನುಗ್ಗಿ ಬೋಲ್ಟು ಹಾಕಿದೆ. ಹೊರಗೆ ಮೆಲ್ಲಗೆ ಹೆಜ್ಜೆ ಸದ್ದು ಕೇಳಿಸಿತು, ಬಾಗಿಲಿಗೆ ಒರಗಿದ ಬಳೆಯ ಸದ್ದು ಕೇಳಿಸಿತು. ಅಜ್ಜಿ ತನ್ನ ಅಕ್ಕನನ್ನು ಕುರ್ಚಿಯಲ್ಲಿ ಬಿಟ್ಟು ನನ್ನ ಹಿಂದೆಯೇ ಬಂದಿದ್ದಳು.

"ನಿಧಾನ ಕಣೇ. ನಾನಿಲ್ಲೇ ಇದೀನಿ."

ನಾನು ನಲ್ಲಿ ಬಿಟ್ಟೆ. ಈ ಸಲ ಎಣಿಸಲಿಲ್ಲ.