ಮಿನಿವ್ಯಾನಿಗೆ ಎಂಜಿನ್ನಿನ ವೇಷ

ರೈಲು ಎಂಜಿನ್ನಿನ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಏಕೆಂದರೆ ನಾನು ಹುಬ್ಬಳ್ಳಿಯವನು. ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪ್ ಇದೆ. ಪಾಳಿ ಬದಲಾಗುವಾಗ ಕೂಗುವ ಅದರ ಭೋಂಗಾ ನಮ್ಮ ಮನೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅಜ್ಜ ಪೌರೋಹಿತ್ಯ ಮಾಡುತ್ತಿದ್ದರು, ಅಪ್ಪ ಅಂಚೆ ಕಚೇರಿಯಲ್ಲಿದ್ದರು, ನಾನು ಬಿ.ಕಾಂ. ಮಾಡಿದೆ. ಹೀಗೆ ತಲೆತಲಾಂತರದಿಂದ ಆ ಭೋಂಗಾ ಕೇಳುತ್ತಲೇ ಬಂದ ಮನೆತನ ನಮ್ಮದು. ಇದಕ್ಕಿಂತ ದೊಡ್ಡ ಅರ್ಹತೆ ಬೇಕೆ?

ನಾನೀಗ ನೆಲೆಸಿರುವ ಕೆನಡಾಕ್ಕೆ ನೂರೈವತ್ತು ವರ್ಷ ತುಂಬಿದ ಬೇಸಿಗೆಯಲ್ಲಿ ಈ ಅರ್ಹತೆ ಪರೀಕ್ಷೆಗೆ ಬಂತು. ಎರಿನ್ ಮಿಲ್ಸಿನ ನಮ್ಮ ಬಡಾವಣೆಯಲ್ಲಿ ಕೆನಡಾ ಡೇ ಮೆರವಣಿಗೆ ಇತ್ತು. ಉತ್ತರ ಕರ್ನಾಟಕದ ನಾವು ಒಂದಿಷ್ಟು ಕುಟುಂಬಗಳು ಸೇರಿ ಮಾಡಿಕೊಂಡಿರುವ ಬಳಗಕ್ಕೂ ಅದರಲ್ಲಿ ಮೊದಲ ಸಲ ಜಾಗ ಸಿಕ್ಕಿತು. ಬಳಗದ ಅಧ್ಯಕ್ಷರು ಬೆಳಗಾವಿಯ ಪಾಟೀಲರು. ರೆಕ್ಸ್‌ಡೇಲಿನ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಅವರ ಬೇಸ್‌ಮೆಂಟಿನಲ್ಲಿ ಸಭೆ ಸೇರಿತು.

"ಒಂದು ಗಾಡಿ ಸಿಂಗಾರ ಮಾಡಿ ಒಯ್ಯಬೇಕ್ರೀ. ಏನ್ ಮಾಡೂಣು?" ಎಂದರು ಪಾಟೀಲರು.

ಒಬ್ಬರು ಕಿತ್ತೂರು ಚೆನ್ನಮ್ಮ ಎಂದರು. ಕುದುರೆ ಸಿಗಲಿಲ್ಲ. ಇನ್ನೊಬ್ಬರು ಗೋಲಗುಂಬಜ್ ಎಂದರು. ಅಷ್ಟು ದೊಡ್ಡ ಬಲೂನು ಸಿಗಲಿಲ್ಲ. ಆಗ ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ರೈಲು ಎಂಜಿನ್!" ಎಂದೆ. "ಕೆನಡಾ ದೇಶ ಒಂದಾಗಿದ್ದೇ ರೈಲಿನಿಂದ. ಹುಬ್ಬಳ್ಳಿ ಊರಾಗಿದ್ದೂ ರೈಲಿನಿಂದ. ನನ್ನ ಮಿನಿವ್ಯಾನಿಗೆ ರಟ್ಟು ಹೊಚ್ಚಿ ಎಂಜಿನ್ ಮಾಡ್ತೀನಿ. ಪೂರ್ತಿ ಜವಾಬ್ದಾರಿ ನನ್ನದು."

ಚಪ್ಪಾಳೆ ಬಿತ್ತು. ನನ್ನ ಹೆಂಡತಿ ವಿಜಯಾ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಮದುವೆಯಾದ ಮೇಲೆ ನಾನು ಪೂರ್ತಿ ಜವಾಬ್ದಾರಿ ಹೊತ್ತ ಕೆಲಸಗಳೆಲ್ಲ ಅವಳ ಕಣ್ಣ ಮುಂದೆ ಸಾಲಾಗಿ ಹಾದುಹೋದವೆಂದು ಕಾಣುತ್ತದೆ.

ಯಾವ ಎಂಜಿನ್ ಎಂಬುದನ್ನು ತೀರ್ಮಾನಿಸಿದ್ದು ಪಕ್ಕದ ಮನೆಯ ಡೆರೆಕ್. ಇಂಗ್ಲೆಂಡಿನಲ್ಲಿ ಹುಟ್ಟಿ, ಇಲ್ಲಿನ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದ ಮನುಷ್ಯ. ಉಗಿ ಎಂಜಿನ್ ಎಂದರೆ ಪ್ರಾಣ. ಬೇಲಿಯ ಮೇಲಿಂದ ನಾನು ವಿಷಯ ಹೇಳಿದ್ದೇ ತಡ, ಒಳಗೆ ಓಡಿ ಹೋಗಿ ಒಂದು ನೀಲಿ ಆಟಿಕೆ ಎಂಜಿನ್ನನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಬಂದರು.

"ಎ-ಫೋರ್!" ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಆಮೇಲೆ ಕತೆ ಶುರುವಾಯಿತು. ಈ ಎ-ಫೋರ್ ಎಂಬುದು ಬ್ರಿಟಿಷರು ಎರಡನೇ ಮಹಾಯುದ್ಧಕ್ಕೆ ಮುಂಚೆ ಕಟ್ಟಿದ ಎಂಜಿನ್ನುಗಳ ಒಂದು ಜಾತಿ. ಗಾಳಿ ಸೀಳಿಕೊಂಡು ಹೋಗಲೆಂದು ಮೂತಿಯನ್ನು ಇಳಿಜಾರಾಗಿ ಮಾಡಿ, ಮೈಯನ್ನೆಲ್ಲ ನುಣ್ಣಗೆ ಮುಚ್ಚಿ, ಚಕ್ರಗಳಿಗೂ ತಗಡಿನ ಸೆರಗು ಇಳಿಬಿಟ್ಟಿದ್ದರು. ಉಗಿ ಎಂಜಿನ್ನುಗಳಲ್ಲಿ ಅತಿವೇಗದ ದಾಖಲೆ ಇವತ್ತಿಗೂ ಈ ಮನೆತನದ್ದೇ. ಆದರೆ ವಿನ್ಯಾಸ ಮಾಡುವಾಗ ಒಂದು ತೊಂದರೆ ಬಂತಂತೆ. ಹೊಗೆ ಮೇಲೆ ಹೋಗದೆ ಡ್ರೈವರನ ಕಣ್ಣಿಗೇ ಅಡ್ಡ ಬರುತ್ತಿತ್ತು. ಯಾರೋ ಅಕಸ್ಮಾತ್ತಾಗಿ ಮಣ್ಣಿನ ಮಾದರಿಯ ಮೇಲೆ, ಹೊಗೆಕೊಳವೆಯ ಹಿಂದೆ, ಹೆಬ್ಬೆರಳು ಒತ್ತಿಬಿಟ್ಟರು. ಅಲ್ಲಿ ತಗ್ಗು ಬಿತ್ತು. ಹೊಗೆ ಮೇಲೆ ಹೋಯಿತು! ಹಾಗಂತ ಒಂದು ಕತೆ ಇದೆ ಎಂದರು ಡೆರೆಕ್.

"ಈ ಅಕ್ಕತಂಗಿಯರಲ್ಲಿ ಆರು ಜನ ಮಾತ್ರ ಉಳಿದಿದ್ದಾರೆ," ಎಂದು ಮುಂದುವರಿಸಿದರು. "ಒಬ್ಬಳ ಹೆಸರು ಡೊಮಿನಿಯನ್ ಆಫ್ ಕೆನಡಾ. ಮಾಂಟ್ರಿಯಲ್ ಹತ್ತಿರದ ಮ್ಯೂಸಿಯಮ್ಮಿನಲ್ಲಿದ್ದಾಳೆ. ಕೆಲವು ವರ್ಷದ ಹಿಂದೆ ಆರೂ ಜನರನ್ನು ಇಂಗ್ಲೆಂಡಿನಲ್ಲಿ ಒಟ್ಟಿಗೆ ನಿಲ್ಲಿಸಿದ್ದರು. ನಾನು ಹೋಗಿ ನೋಡಿ ಬಂದೆ."

ಕೆನಡಾಕ್ಕೆ ಕೊಟ್ಟ ಮಗಳು ಹಡಗು ಹತ್ತಿ ತವರಿಗೆ ಹೋಗಿ ಬಂದಿದ್ದಳು!

"ಇಂಡಿಯಾ ಹೆಸರಿನವಳೂ ಒಬ್ಬಳಿದ್ದಳು, ಎಂಪೈರ್ ಆಫ್ ಇಂಡಿಯಾ," ಎಂದರು ಡೆರೆಕ್.

"ಅವಳೆಲ್ಲಿ?" ಎಂದೆ ಉತ್ಸಾಹದಿಂದ.

"ಗುಜರಿಗೆ."

ಆ ಅನ್ಯಾಯವನ್ನು ಸರಿಪಡಿಸುವ ಹೊಣೆ ಹುಬ್ಬಳ್ಳಿಯವನಾದ ನನ್ನ ಮೇಲಿದೆ ಎನಿಸಿತು. ನಿಜ ಹೇಳಬೇಕೆಂದರೆ ಇನ್ನೊಂದು ಕಾರಣವೂ ಇತ್ತು. ಬೇರೆ ಎಂಜಿನ್ನುಗಳಿಗೆ ಸಾವಿರಾರು ಕೊಳವೆ, ಸರಳು, ನಟ್ಟು, ಬೋಲ್ಟು. ಇದಕ್ಕೆ ಎಲ್ಲವೂ ಮುಸುಕಿನೊಳಗೆ. ರಟ್ಟಿನಲ್ಲಿ ಮಾಡುವುದು ಬಲು ಸುಲಭ!

ಮನೆಯ ಗರಾಜಿನಲ್ಲಿ ಕೆಲಸ ಆರಂಭವಾಯಿತು. ಪಾಟೀಲರು ಗೋದಾಮಿನಿಂದ ದೊಡ್ಡ ದೊಡ್ಡ ರಟ್ಟು ತಂದುಕೊಟ್ಟರು. ವ್ಯಾನಿನ ಮುಂದೆ ಇಳಿಜಾರು ಮೂತಿ ಕಟ್ಟಿದೆ. ನೋಡಲು ಒಂದು ಸಣ್ಣ ಕಿಂಡಿ ಬಿಟ್ಟೆ. ಪಕ್ಕಕ್ಕೆ ನೆಲ ಮುಟ್ಟುವ ಸೆರಗು ಇಳಿಬಿಟ್ಟೆ. ಹಿಂಬದಿಗೆ ಕಲ್ಲಿದ್ದಲು ತುಂಬುವ ಟೆಂಡರ್ ಎಂದು ಇನ್ನೊಂದು ರಟ್ಟಿನ ಪೆಟ್ಟಿಗೆ ಕಟ್ಟಿದೆ. ಧಾರವಾಡದಿಂದ ಬೇಸಿಗೆಗೆಂದು ಬಂದಿದ್ದ ನಮ್ಮ ಅತ್ತೆ ಮೈದಾ ಹಿಟ್ಟು ಕುದಿಸಿ ಪಾತೇಲಿಗಟ್ಟಲೆ ಅಂಟು ಮಾಡಿಕೊಟ್ಟರು. ಮಗಳ ಮದುವೆಯಾದಾಗಿನಿಂದ ಅಳಿಯನ ಒಂದು ಕೆಲಸವನ್ನು ಅವರು ಇಷ್ಟು ಅಕ್ಕರೆಯಿಂದ ನೋಡಿದ್ದು ಇದೇ ಮೊದಲು. ಈ ಮರ್ಯಾದೆ ಉಳಿಸಿಕೊಳ್ಳಲೇಬೇಕು ಎಂದು ನಾನು ಮನಸ್ಸಿನಲ್ಲೇ ಪಣ ತೊಟ್ಟೆ.

ವಿಜಯಾ ಒಂದು ಸುತ್ತು ಹಾಕಿ ನೋಡಿ ಕೇಳಿದಳು, "ಅಲ್ರೀ, ಬಾಗಲಾ ಎಲ್ಲಿ ಅದ?"

"ಎ-ಫೋರಿಗೆ ಬಾಗಿಲು ಕಾಣಬಾರದು. ಗಾಳಿಗೆ ಅಡ್ಡ ಬರ್ತದ," ಎಂದೆ ಗಂಭೀರವಾಗಿ. "ಎಲ್ಲಾರೂ ಒಳಗ ಕೂತ ಮ್ಯಾಲೆ ಸೆರಗು ಅಂಟಿಸೋದು."

"ಹೊರಗ ಬರೋದು ಹ್ಯಾಂಗ?"

"ಮೆರವಣಿಗೆ ಮುಗಿದ ಮ್ಯಾಲೆ ಹರಿಯೋದು. ಅರ್ಧ ತಾಸಿನ ಮಾತು!"

ಅವಳು ತಲೆ ಅಲ್ಲಾಡಿಸುತ್ತ ಒಳಗೆ ಹೋದಳು. ನಾನು ಅದನ್ನು ಒಪ್ಪಿಗೆ ಎಂದು ತಿಳಿದೆ.

ಮೂತಿ ಉದ್ದವಾಗಿದ್ದರಿಂದ ಗರಾಜಿನ ಬಾಗಿಲು ಹಾಕಲು ಬರಲಿಲ್ಲ. ಇರಲಿ ಎಂದು ಹಾಗೇ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಎಂಜಿನ್ನಿನ ಕೆಳದವಡೆ ಇಲ್ಲ! ರಾತ್ರಿ ಕಸದ ಡಬ್ಬಿ ತಡಕುವ ಈ ಊರಿನ ರಕೂನು ಎಂಬ ಪ್ರಾಣಿಗಳಿಗೆ ಧಾರವಾಡದ ಮೈದಾ ಅಂಟು ಭಾರೀ ಹಿಡಿಸಿತ್ತು. ಸಂಸಾರ ಸಮೇತ ಬಂದು, ಕೂತು, ಉಂಡು ಹೋಗಿದ್ದವು. ಮೆರವಣಿಗೆ ಮರುದಿನವೇ. ರಟ್ಟು ಮುಗಿದಿತ್ತು. ಮನೆಯಲ್ಲಿದ್ದ ಬಿಳಿಯ ಗೋಧಿಹಿಟ್ಟಿನ ಚೀಲಗಳನ್ನು ಬಿಚ್ಚಿ, ತಿರುವಿ, ಕೆಳಭಾಗಕ್ಕೆಲ್ಲ ಅಂಟಿಸಿದೆ. ನೀಲಿ ಬಣ್ಣವೂ ಮುಗಿದಿತ್ತು. ಹೀಗಾಗಿ ನಮ್ಮ ಎ-ಫೋರಿಗೆ ಮೇಲೆ ನೀಲಿ, ಕೆಳಗೆ ಬಿಳಿ ಆಯಿತು. ದೂರದಿಂದ ಗೊತ್ತಾಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಉಳಿದದ್ದು ಹೊಗೆ. ಪಾರ್ಟಿಗಳಲ್ಲಿ ಬಳಸುವ ಹೊಗೆಯ ಮಷೀನೊಂದನ್ನು ಗೆಳೆಯರೊಬ್ಬರಿಂದ ತಂದು ವ್ಯಾನಿನ ಹಿಂಭಾಗದಲ್ಲಿಟ್ಟೆ. ಕರೆಂಟನ್ನು ಕಾರಿನ ಬ್ಯಾಟರಿಯಿಂದಲೇ ಕೊಟ್ಟೆ. ಬಟ್ಟೆ ಒಣಗಿಸುವ ಮಷೀನಿನ ಕೊಳವೆಯನ್ನು ಅದಕ್ಕೆ ಸಿಕ್ಕಿಸಿ, ಮುಂದಿನ ಕಿಟಕಿಯಿಂದ ಮೂತಿಯ ಮೇಲಿನ ಹೊಗೆಕೊಳವೆಗೆ ಒಯ್ದೆ. ಹೊಗೆಕೊಳವೆಯ ಹಿಂದೆ, ಶಾಸ್ತ್ರೋಕ್ತವಾಗಿ, ಹೆಬ್ಬೆರಳಿನಿಂದ ಒಂದು ತಗ್ಗು ಒತ್ತಿದೆ. ಹೆಬ್ಬೆರಳು ರಟ್ಟಿನ ಆಚೆ ಬಂತು. ಟೇಪು ಹಚ್ಚಿದೆ.

ಮೆರವಣಿಗೆಯ ದಿನ ನಾನು ಡ್ರೈವರನ ಸೀಟಿನಲ್ಲಿ, ಪಕ್ಕದಲ್ಲಿ ಪಾಟೀಲರು, ಹಿಂದೆ ಇಳಕಲ್ ಸೀರೆಯುಟ್ಟ ಅತ್ತೆ. ವಿಜಯಾ ಹೊರಗಿನಿಂದ ಸೆರಗುಗಳನ್ನು ಅಂಟಿಸಿ ಬಳಗದ ಹೆಂಗಸರ ಜೊತೆ ನಡೆದು ಬಂದಳು. ಡೆರೆಕ್ ಟೋಪಿ ಹಾಕಿಕೊಂಡು ಎಂಜಿನ್ನಿನ ಪಕ್ಕದಲ್ಲಿ ಹೆಮ್ಮೆಯಿಂದ ಹೆಜ್ಜೆ ಹಾಕಿದರು. ನಮ್ಮ ಮುಂದೆ ಶಾಲೆಯ ಬ್ಯಾಂಡು, ಹಿಂದೆ ಮೊಣಕಾಲುವರೆಗಿನ ನೆರಿಗೆಯ ಕಿಲ್ಟ್ ಉಟ್ಟು ಚೀಲದ ವಾದ್ಯ ಊದುವ ಬ್ಯಾಗ್‌ಪೈಪಿನವರು.

"ಹೊಗಿ ಬಿಡ್ರೀ!" ಎಂದರು ಪಾಟೀಲರು. ನಾನು ಗುಂಡಿ ಒತ್ತಿದೆ.

ಎ-ಫೋರಿನ ಇಳಿಜಾರು ಮೂತಿ ಹೊಗೆಯನ್ನು ಮೇಲೆತ್ತಬೇಕಾದರೆ ಎಂಜಿನ್ನು ಗಾಳಿಯನ್ನು ಸೀಳಿಕೊಂಡು ಓಡುತ್ತಿರಬೇಕು ಎಂಬ ಸಂಗತಿ ನನಗೆ ಹೊಳೆದದ್ದು ಆಗಲೇ. ನಾವು ಮಕ್ಕಳ ಬ್ಯಾಂಡಿನ ಹಿಂದೆ ಆಮೆಯ ಹಾಗೆ ಹೋಗುತ್ತಿದ್ದೆವು! ಸ್ವಲ್ಪ ಹೊಗೆ ಮೇಲೆ ಹೋಯಿತು. ಉಳಿದದ್ದು ರಟ್ಟಿಗೂ ಗಾಜಿಗೂ ನಡುವೆ ತುಂಬಿಕೊಂಡಿತು. ಕಿಂಡಿ ಬೆಳ್ಳಗಾಯಿತು. ಅಷ್ಟರಲ್ಲಿ ಕೊಳವೆ ಕಳಚಿ ಪಾಟೀಲರ ತೊಡೆಯ ಮೇಲೆ ಬಿತ್ತು. ವ್ಯಾನಿನೊಳಗೆಲ್ಲ ಮೋಡ!

"ಕುಲಕರ್ಣಿ, ಬ್ಯಾಂಡ್ ಎಲ್ಲೈತ್ರೀ?" ಎಂದು ಪಾಟೀಲರ ದನಿ ಮಾತ್ರ ಕೇಳಿತು.

"ಕಾಣವಲ್ದು!"

"ಮತ್ತ ಯಾಕ್ ಹೊಂಟೀರಿ? ನಿಲ್ಲಸ್ರೀ!"

ನಿಲ್ಲಿಸಿದೆ. ಹೆದರಿಕೆಯಲ್ಲಿ ಗಾಡಿಯನ್ನೂ ಆಫ್ ಮಾಡಿದೆ. ಹೊಗೆಯ ಮಷೀನು ಮಾತ್ರ ನಿಷ್ಠೆಯಿಂದ ಹೊಗೆ ಉಗುಳುತ್ತಲೇ ಇತ್ತು. ಅದರ ಗುಂಡಿ ಎಲ್ಲಿದೆ ಎಂದು ಹೊಗೆಯಲ್ಲಿ ಸಿಗಲಿಲ್ಲ.

ಆಗ ಹಿಂದಿನ ಸೀಟಿನಿಂದ ಮೆಲ್ಲನೆ ಒಂದು ಮಾತು ಬಂತು. "ಅಳಿಯಂದ್ರ, ನಾ ಸ್ವಲ್ಪ ಹೊರಗ ಹೋಗಬೇಕಿತ್ತು."

"ಈಗ ಹೊಗಿ ಕಡಿಮಿ ಆಗ್ತದರೀ, ಅತ್ತಿ."

"ಹೊಗೀಗಲ್ಲರೀ. ಬೆಳಿಗ್ಗೆ ಎರಡ ಕಪ್ ಚಾ ಕುಡದೀನಿ. ಮ್ಯಾಲೆ ಶುಗರ್ ಬ್ಯಾರೆ."

ಬಾಗಿಲು ನೂಕಿದೆ. ಸೆರಗು ಜಗ್ಗಲಿಲ್ಲ. ಆ ಕಡೆಯ ಬಾಗಿಲೂ ಅಷ್ಟೇ. ಹಿಂದಿನ ಬಾಗಿಲಿಗೆ ಟೆಂಡರ್ ಅಡ್ಡ. ಮೈದಾ ಅಂಟು ಬಿಸಿಲಿಗೆ ಒಣಗಿ ಕಲ್ಲಾಗಿತ್ತು. ಅತ್ತೆಯವರೇ ಮಾಡಿದ ಅಂಟು, ಕೈಗುಣ ಒಳ್ಳೆಯದೇ!

ಹೊರಗೆ ಡೆರೆಕ್ ರಟ್ಟು ಬಡಿಯುತ್ತಿದ್ದರು. ನಾನು ಕೂಗಿ ಸಂಗತಿ ಹೇಳಿದೆ. ಅವರು ತಲೆಯ ಮೇಲೆ ಕೈ ಹೊತ್ತರು. "ಅಸಲಿ ಎ-ಫೋರಿನ ಟೆಂಡರಿನೊಳಗೆ ಓಡಾಡಲು ಒಂದು ಓಣಿ ಇತ್ತು! ರೈಲು ಓಡುತ್ತಿರುವಾಗಲೇ ಡ್ರೈವರು ಆ ಓಣಿಯಿಂದ ಹಿಂದಿನ ಡಬ್ಬಿಗೆ ಹೋಗಬಹುದಿತ್ತು! ನೀನು ಓಣಿ ಬಿಟ್ಟಿಲ್ಲವೇ?"

ಇಂಥ ಮುಖ್ಯ ವಿಷಯವನ್ನು ಆ ಮನುಷ್ಯ ಬೇಲಿಯ ಹತ್ತಿರ ಏಕೆ ಹೇಳಲಿಲ್ಲ?

ಕೊನೆಗೆ ವಿಜಯಾ ಬಂದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎಂಜಿನ್ನಿನ ಸೆರಗಿಗೆ ಕೈ ಹಾಕಿದಳು. ಚರ್ರ್! ನನ್ನ ಎಷ್ಟೋ ದಿನಗಳ ಶ್ರಮ ರಸ್ತೆಯ ಮೇಲೆ ಬಿತ್ತು. ಬಾಗಿಲು ತೆರೆಯಿತು. ಬಿಳಿಯ ಮೋಡದ ನಡುವಿನಿಂದ ಇಳಕಲ್ ಸೀರೆಯ ಅತ್ತೆ ಸಾಕ್ಷಾತ್ ದೇವಿಯಂತೆ ಪ್ರತ್ಯಕ್ಷರಾದರು. ಜನ ಹೋ ಎಂದು ಚಪ್ಪಾಳೆ ತಟ್ಟಿದರು. ದೇವಿ ಯಾರಿಗೂ ವರ ಕೊಡದೆ ಎದುರಿನ ಕಾಫಿ ಅಂಗಡಿಯತ್ತ ಓಟ ಕಿತ್ತರು.

ಡೆರೆಕ್ ನನ್ನ ಭುಜ ತಟ್ಟಿದರು. "ಬೇಜಾರು ಮಾಡಿಕೊಳ್ಳಬೇಡ. ಯುದ್ಧದ ಕಾಲದಲ್ಲಿ ಅಸಲಿ ಎ-ಫೋರುಗಳ ಸೆರಗನ್ನೂ ಕಿತ್ತುಹಾಕಿದರು. ರಿಪೇರಿಗೆ ಕೈ ಹೋಗುತ್ತಿರಲಿಲ್ಲ. ಈಗ ನಿನ್ನ ಎಂಜಿನ್ನು ಇತಿಹಾಸಕ್ಕೆ ಇನ್ನೂ ಹತ್ತಿರವಾಯಿತು!"

ಆ ಮಾತಿನಿಂದ ನನಗೆ ಜೀವ ಬಂತು. ಪಾಟೀಲರು ಕೊಳವೆಯನ್ನು ಎತ್ತಿ ಮೂತಿಯ ತೂತಿಗೆ ಸರಿಯಾಗಿ ಸಿಕ್ಕಿಸಿದರು. ಭುಸ್ ಎಂದು ಹೊಗೆ ನೆಟ್ಟಗೆ ಆಕಾಶಕ್ಕೆ ಚಿಮ್ಮಿತು. ರಸ್ತೆಯ ಎರಡೂ ಬದಿಯ ಮಕ್ಕಳು ಕುಣಿದಾಡಿ ಏನೋ ಕೂಗಿದವು. ಬ್ಯಾಗ್‌ಪೈಪಿನ ಗದ್ದಲದಲ್ಲಿ ಸರಿಯಾಗಿ ಕೇಳಲಿಲ್ಲ. ನಾನು ಧೀರನಂತೆ ಕೈ ಬೀಸಿ ಕೀಲಿ ತಿರುವಿದೆ.

ಟಕ್. ಟಕ್. ಬ್ಯಾಟರಿ ಖಲಾಸ್! ಹೊಗೆಯ ಮಷೀನು ಅದನ್ನು ಪೂರ್ತಿ ಕುಡಿದು, ಕೊನೆಯ ಸಲ ಭುಸ್ ಎಂದು ತಾನೂ ತಣ್ಣಗಾಯಿತು. ಜಗತ್ತಿನ ಅತಿವೇಗದ ಉಗಿ ಎಂಜಿನ್ನು ಎರಿನ್ ಮಿಲ್ಸಿನ ಟ್ರಾಫಿಕ್ ಲೈಟಿನ ಮುಂದೆ ಕೆಟ್ಟು ನಿಂತಿತು. ಲೈಟು ಹಸಿರಾಗಿಯೇ ಇತ್ತು.

ಬ್ಯಾಗ್‌ಪೈಪಿನವರು ಒಳ್ಳೆಯವರು. ವಾದ್ಯಗಳನ್ನು ಬಗಲಿಗೇರಿಸಿ ಹಿಂದಿನಿಂದ ವ್ಯಾನು ನೂಕತೊಡಗಿದರು. ಕಾಫಿ ಅಂಗಡಿಯಿಂದ ಹಗುರಾಗಿ ಹೊರಬಂದ ಅತ್ತೆ ಆ ದೃಶ್ಯ ನೋಡಿ, "ಅಯ್ಯ, ಲಂಗಾ ಉಟ್ಟ ಗಂಡಸರು ಎಷ್ಟ ಗಟ್ಟಿ ಅದಾರವಾ!" ಎಂದು ಮಗಳಿಗೆ ಹೇಳಿದರಂತೆ.

ಹೀಗೆ ನೂಕಿಸಿಕೊಳ್ಳುತ್ತ ನಾವು ಗಣ್ಯರು ಕೂತಿದ್ದ ವೇದಿಕೆಯ ಮುಂದೆ ಬಂದೆವು. ಮೈಕಿನಲ್ಲಿ ಒಬ್ಬ ಹೆಂಗಸು ಉಲ್ಲಾಸದಿಂದ ಸಾರಿದಳು, "ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿ! ಮಕ್ಕಳೆಲ್ಲ ಮೆಚ್ಚಿಕೊಂಡ ನೀಲಿ ತಿಮಿಂಗಿಲ ಬರುತ್ತಿದೆ!"

ನಾನು ಹಿಂದೆ ತಿರುಗಿ ನೋಡಿದೆ. ತಿಮಿಂಗಿಲ ಎಲ್ಲೂ ಇರಲಿಲ್ಲ. ಅದು ನಾವೇ!

ಕೆಳಗಿಳಿದು ನೋಡಿದೆ. ನೀಲಿ ಬೆನ್ನು. ಬಿಳಿ ಹೊಟ್ಟೆ. ಇಳಿಜಾರು ಮೂತಿ. ರಕೂನು ಕಚ್ಚಿದ ಕಡೆ ಅಂಟಿಸಿದ್ದ ಚೀಲ ಜೋತುಬಿದ್ದು ಅಗಲವಾದ ಬಾಯಿ. ನೆತ್ತಿಯಿಂದ ಚಿಮ್ಮಿದ ಬಿಳಿ ಕಾರಂಜಿಯನ್ನು ಊರೇ ನೋಡಿತ್ತು. ಡೆರೆಕ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ನಿಂತಿದ್ದರು. ಯಾರೋ ತೀರಿಕೊಂಡರೆ ನಿಲ್ಲುತ್ತಾರಲ್ಲ, ಹಾಗೆ.

ಆ ಹೆಂಗಸು ಮೈಕನ್ನು ನನ್ನ ಬಾಯಿಗೆ ಹಿಡಿದು, "ನಿಮ್ಮ ತಿಮಿಂಗಿಲದ ಬಗ್ಗೆ ಎರಡು ಮಾತು ಹೇಳಿ," ಎಂದಳು. ಮುಂದೆ ಕಿಕ್ಕಿರಿದ ಮಕ್ಕಳು. ಎಲ್ಲರ ಮುಖದಲ್ಲೂ ಸಂಭ್ರಮ. ನಾನು ಪಾಟೀಲರ ಕಡೆ ನೋಡಿದೆ. "ಹೂಂ ಅನ್ರೀ, ಮೀನ ಅನ್ರೀ!" ಎಂದು ಅವರು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು. ಎ-ಫೋರಿನ ವಿನ್ಯಾಸ, ದಾಖಲೆ, ಆರು ಅಕ್ಕತಂಗಿಯರು, ನಾನು ಬಾಯಿಪಾಠ ಮಾಡಿಕೊಂಡು ಬಂದಿದ್ದ ಭಾಷಣವೆಲ್ಲ ಗಂಟಲಲ್ಲೇ ಕರಗಿತು.

"ಇದು ಬಹಳ ಹಳೆಯ ತಿಮಿಂಗಿಲ," ಎಂದೆ.

ಮಕ್ಕಳು ಹುಚ್ಚೆದ್ದು ಕುಣಿದವು. ನಮಗೆ ಬಹುಮಾನವೂ ಬಂತು! ಒಂದು ಟ್ರೋಫಿ, ಅದರ ಮೇಲೆ ಮೇಪಲ್ ಎಲೆ.

ಸಂಜೆ ಅತ್ತೆ ಧಾರವಾಡಕ್ಕೆ ವಿಡಿಯೋ ಕಾಲ್ ಮಾಡಿ ತಮ್ಮ ತಂಗಿಯ ಜೊತೆ ಮಾತಾಡುತ್ತಿದ್ದರು. ನಾನು ಪಕ್ಕದ ಸೋಫಾದಲ್ಲೇ ಕೂತಿದ್ದೆ. "ನಮ್ಮ ಅಳಿಯಂದ್ರು ಭಾಳ ಶ್ಯಾಣ್ಯಾ ಇದ್ದಾರವಾ. ಏನ್ ದೊಡ್ಡ ಮೀನ ಮಾಡಿದ್ರಂತೀ! ಅದರ ಹೊಟ್ಟ್ಯಾಗ ನಾನೂ ಕೂತಿದ್ದೆ. ಜನಾ ಎಲ್ಲಾ ಚಪ್ಪಾಳಿ ಹೊಡದ್ರು!"

ವಿಜಯಾ ಅಡಿಗೆ ಮನೆಯಿಂದ ಇಣುಕಿ ನನ್ನ ಮುಖ ನೋಡಿದಳು. ನಾನು ತಿದ್ದಲಿಲ್ಲ. ಎಂಜಿನ್ ಮಾಡಲು ಹೋಗಿ ಮೀನು ಮಾಡಿದ ಅಳಿಯನಿಗಿಂತ, ಮೀನು ಮಾಡಲು ಹೋಗಿ ಮೀನನ್ನೇ ಮಾಡಿದ ಅಳಿಯ ಎಷ್ಟೋ ವಾಸಿ!