ನಾನು ನೆಟ್ಟಗೆ ಮಾಡಿದ ಕೊಳವೆ

ನನಗೆ ಎರಡು ಚಾಳಿಗಳಿವೆ. ಒಂದು, ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ಹೊರಡುವುದಿಲ್ಲ. ಇದು ನನ್ನೊಬ್ಬನ ಚಾಳಿಯೂ ಅಲ್ಲ. ದಾರಿ ಕೇಳಿದವರಿಗೆ ಗೊತ್ತಿಲ್ಲ ಎನ್ನುವುದು ನಮ್ಮ ಬಾಗಲಕೋಟೆಯಲ್ಲಿ ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸಿದಷ್ಟೇ ಅವಮರ್ಯಾದೆ. ಹಾಗಾಗಿ ಏನಾದರೊಂದು ದಿಕ್ಕು ತೋರಿಸಿಬಿಡುತ್ತೇವೆ. ಸರಿಯೋ ತಪ್ಪೋ ಹೋದವರು ನೋಡಿಕೊಳ್ಳಬೇಕು. ಇನ್ನೊಂದು, ನಿವೃತ್ತ ಡ್ರಾಯಿಂಗ್ ಮಾಸ್ತರನಾದ ನನಗೆ ಸೊಟ್ಟಗಿದ್ದುದನ್ನು ಕಂಡರೆ ಕೈ ತುರಿಸುತ್ತದೆ. ಬೀಗರ ಮನೆಯಲ್ಲೂ ಗೋಡೆಯ ಕ್ಯಾಲೆಂಡರು ನೆಟ್ಟಗೆ ಮಾಡಿಯೇ ಚಹಾ ಮುಟ್ಟುವವನು ನಾನು. ಈ ಎರಡೂ ಕೂಡಿ ಕಳೆದ ಚಳಿಗಾಲದಲ್ಲಿ ನನ್ನ ಮಾನ ಹರಾಜು ಹಾಕಿದವು.

ಬಾದಾಮಿಯಲ್ಲಿ ಲಾಡ್ಜ್ ನಡೆಸುವ ಗೆಳೆಯ, ಮರಾಠಿ ಸೀಮೆಯ ಠಾಣೆ ಎಂಬ ಊರಿನಿಂದ ಬಂದಿದ್ದ ರಿಬೆಕಾಬಾಯಿ ಎಂಬ ಯಹೂದಿ ಹೆಣ್ಣುಮಗಳನ್ನು ನನ್ನ ಹತ್ತಿರ ಕಳಿಸಿದ. ಆಕೆಯ ಅಜ್ಜ ಬ್ರಿಟಿಷರ ಕಾಲದಲ್ಲಿ ಇಲ್ಲಿ ನೌಕರಿಗಿದ್ದು, ಹಳೇ ಊರಿನಲ್ಲಿ ಬಾಡಿಗೆಗೆ ಇದ್ದರಂತೆ. ಆ ಮನೆಯಲ್ಲಿ ಹುಟ್ಟಿದ ತಾಯಿ ಈಗ ಹಾಸಿಗೆ ಹಿಡಿದಿದ್ದಾರೆ. ಹುಟ್ಟಿದ ಮನೆಯ ಬಾಗಿಲನ್ನಾದರೂ ಒಮ್ಮೆ ಫೋಟೋದಲ್ಲಿ ನೋಡಬೇಕೆಂಬುದು ಅವರ ಆಸೆ. ನಮ್ಮೂರಲ್ಲಿ ಯಹೂದಿಗಳಿದ್ದರು ಎಂಬುದೇ ನನಗೆ ಹೊಸ ಸುದ್ದಿ. ಆದರೂ ಬಾಯಿ ತಾನಾಗಿ, “ಬರ್ರಿ ಬಾಯಾರ, ಎಲ್ಲಾ ತೋರಸ್ತೇನಿ” ಎಂದಿತು.

ಬೆಳಗಿನಿಂದ ಆಟೋದಲ್ಲಿ ಹಳೇ ಊರಿನಲ್ಲಿ ಆಣೆಕಟ್ಟಿನ ನೀರಿಗೆ ಮುಳುಗದೆ ಉಳಿದ ಓಣಿಗಳನ್ನೆಲ್ಲ ಸುತ್ತಿಸಿದೆ. ಒಂದು ಮನೆಯ ಗೋಡೆಯ ಮೇಲೆ ಆರು ಮೂಲೆಯ ನಕ್ಷತ್ರ ಕಂಡಿದ್ದೇ ತಡ, ಇದು ನಿಮ್ಮ ಯಹೂದಿಗಳ ಗುರುತು, ಮನೆ ನಿಮ್ಮವರದೇ ಎಂದು ನನ್ನ ಹರಕು ಮರಾಠಿಯಲ್ಲಿ ಭಾಷಣ ಶುರು ಮಾಡಿದೆ. ಮನೆಯ ಯಜಮಾನ ಹೊರಗೆ ಬಂದು, “ಮಾಸ್ತರ, ಇದು ನಮ್ಮಪ್ಪ ಬನಶಂಕರಿ ತಾಯಿ ಹೆಸರಿಲೆ ಕೆತ್ತಿಸಿದ ಯಂತ್ರ ಅಲ್ಲೇನ್ರಿ? ಚಿತ್ರ ಬರಕೊಟ್ಟಾವ್ರ ನೀವು” ಎಂದ. ನಾನು ಆಟೋ ಹತ್ತಿದೆ. ಕೊನೆಗೆ ಹಿನ್ನೀರಿನ ದಂಡೆಗೆ ಕರೆದೊಯ್ದು, ಮನೆ ಅಗೋ ಅಲ್ಲಿ ಮುಳುಗಿದೆ ಎಂದು ನೀರಿನ ನಡುವೆ ಬೆರಳು ತೋರಿಸಿದೆ. ನೀರಲ್ಲಿ ಯಾರು ಇಳಿದು ನೋಡುತ್ತಾರೆ? ಆಕೆ ಕಣ್ಣೊರೆಸಿಕೊಂಡು ಬರೀ ನೀರಿನ ಫೋಟೋ ತೆಗೆದುಕೊಂಡರು. ನನಗೆ ನಾಚಿಕೆಯಾಯಿತು.

ಆ ನಾಚಿಕೆಗೇ ಊಟಕ್ಕೆಂದು ನವನಗರದ ನಮ್ಮ ಮನೆಗೆ ಕರೆತಂದೆ. ಹೊಸ್ತಿಲ ಬಳಿ ಆಕೆ ಬಾಗಿಲ ಚೌಕಟ್ಟನ್ನೇ ನೋಡುತ್ತ ನಿಂತುಬಿಟ್ಟರು. ಊರು ಮುಳುಗುವಾಗ ಜನ ಚೌಕಟ್ಟು, ಬಾಗಿಲು ಕಿತ್ತು ಹೊಸ ಮನೆಗಳಿಗೆ ಸಾಗಿಸಿದರಲ್ಲ, ನಾನೂ ಹಣಮಪ್ಪನ ಗುಡಿ ಹಿಂದಿನ ಓಣಿಯಿಂದ ಒಂದು ಸಾಗವಾನಿ ಚೌಕಟ್ಟು ಕೊಂಡು ತಂದಿದ್ದೆ. ಅದರ ಬಲಗಡೆ ಬೆರಳುದ್ದದ ಹಿತ್ತಾಳೆಯ ಕೊಳವೆಯೊಂದನ್ನು ಸೊಟ್ಟಗೆ ಹೊಡೆದಿದ್ದರು. ಹಿಂದೆ ಬಾಡಿಗೆಗಿದ್ದ ಸಾಹೇಬರ ಮನೆಯಲ್ಲಿ ಶನಿವಾರ ಒಲೆ ಹಚ್ಚುತ್ತಿರಲಿಲ್ಲ, ಹಣಮಪ್ಪನ ಕಡುಭಕ್ತರು, ಇದು ಊದಿನಕಡ್ಡಿ ಸಿಗಿಸಲು ಇದ್ದೀತು ಎಂದು ಮಾರಿದವನು ಹೇಳಿದ್ದ. ನಾನು ಆ ಕೊಳವೆಯನ್ನು ಕಿತ್ತು ನೆಟ್ಟಗೆ ಹೊಡೆದೆ. ಹುನಗುಂದದ ಮಗಳಾದ ನನ್ನಾಕೆ ಅಂದಿನಿಂದ ಪ್ರತಿ ಶನಿವಾರ ಅದರಲ್ಲಿ ಊದಿನಕಡ್ಡಿ ಹಚ್ಚುತ್ತಾಳೆ.

ಇದನ್ನೆಲ್ಲ ನನ್ನಾಕೆಯ ಬಾಯಿಂದ ಕೇಳಿ ರಿಬೆಕಾಬಾಯಿ ನಗುತ್ತ ಅತ್ತರು. ಯಹೂದಿಗಳು ದೇವರ ಮಾತು ಬರೆದ ಚರ್ಮದ ಸುರುಳಿಯನ್ನು ಇಂಥ ಕೊಳವೆಯೊಳಗಿಟ್ಟು ಬಾಗಿಲಿಗೆ ಹೊಡೆಯುತ್ತಾರಂತೆ. ಶನಿವಾರ ಅವರಿಗೆ ವಿಶ್ರಾಂತಿಯ ದಿನ, ಬೆಂಕಿ ಹಚ್ಚುವಂತಿಲ್ಲ. ತಾವು ಹಣಮಪ್ಪನ ಭಕ್ತರಾಗಿದ್ದು ಪಾಪ ಆ ಅಜ್ಜನಿಗೇ ಗೊತ್ತಿರಲಿಕ್ಕಿಲ್ಲ. ಮನೆ ಗುಡಿಯ ಹಿಂದೆಯೇ ಇತ್ತು, ಹಾಸಿಗೆಯಲ್ಲೇ ಗಂಟೆ ಕೇಳುತ್ತಿತ್ತು ಎಂದು ತಾಯಿ ಹೇಳುತ್ತಿದ್ದರಂತೆ. ಆಕೆ ಕೊಳವೆ ಮುಟ್ಟಿ ಬೆರಳಿಗೆ ಮುತ್ತಿಟ್ಟರು. ಆಮೇಲೆ ತಾಯಿಗೆ ವಿಡಿಯೊ ಕಾಲ್ ಮಾಡಿ ಬಾಗಿಲು ತೋರಿಸಿದರು. ಮುದುಕಿ ಬಹಳ ಹೊತ್ತು ನೋಡಿ, ಬಾಗಿಲು ಅದೇ, ಆದರೆ ಕೊಳವೆ ಓರೆಯಾಗಿರಬೇಕಲ್ಲ, ಯಾರು ಕೆಡಿಸಿದರು ಎಂದು ಮರಾಠಿಯಲ್ಲಿ ಕೇಳಿದರು. ಆ ದಿನ ಮೊದಲ ಬಾರಿಗೆ ನನ್ನ ಬಾಯಿಂದ “ಗೊತ್ತಿಲ್ಲ” ಎಂಬ ಮಾತು ಬಂತು.

ಹೊರಡುವಾಗ ನನ್ನಾಕೆ ಕೊಳವೆಯನ್ನು ನನ್ನಿಂದಲೇ ಕೀಳಿಸಿ, ಗುಳೇದಗುಡ್ಡದ ಕುಪ್ಪಸದ ಖಣದ ಜೊತೆ ರಿಬೆಕಾಬಾಯಿಯ ಉಡಿಗೆ ಹಾಕಿ ಕಳಿಸಿದಳು. ಚೌಕಟ್ಟಿನ ಮೇಲೆ ಹಳೆಯ ಮೊಳೆಗಳ ಓರೆ ತೂತುಗಳು ಉಳಿದವು. ಮರುದಿನ ನಾನು ಅವನ್ನು ಮುಚ್ಚಲು ಮರಕ್ಕೆ ಮೆತ್ತುವ ಲಾಂಬಿ ಕಲಸಿಕೊಂಡು ನಿಂತಾಗ ಒಳಗಿನಿಂದ ಬಂದವಳು, “ಬ್ಯಾಡ್ರಿ. ನೀವು ನೆಟ್ಟಗ ಮಾಡಿದ್ದು ಸಾಕು” ಎಂದಳು.

ಶನಿವಾರ ಆ ಓರೆ ತೂತೊಂದಕ್ಕೇ ಊದಿನಕಡ್ಡಿ ಸಿಗಿಸಿದಳು, ಸೊಟ್ಟಗೆ. ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡು, ಅದು ಪೂರ್ತಿ ಉರಿಯುವ ತನಕ ನಿಂತಿದ್ದೆ.